ರತ್ನಾಬಾಯಿಯ ಪಥ್ಯ

ಹಲ್ಲು ನೋವು ಬಂದರೆ ನಮ್ಮ ಜನ ಓಣಿಗೆಲ್ಲ ಕೇಳುವಂತೆ ನರಳುತ್ತಾರೆ. ಹೋಗಿ ಬರುವವರೆಲ್ಲ ನಿಂತು ಒಂದೊಂದು ಔಷಧ ಹೇಳುತ್ತಾರೆ. ಆದರೆ ನೋವಿಲ್ಲದ ಬೇನೆ ಬಂದರೆ ಯಾರೂ ಬಾಯಿ ಬಿಡುವುದಿಲ್ಲ. ಅದರಲ್ಲೂ ಹೆಂಗಸಿಗೆ ಸೆರಗಿನ ಮರೆಯಲ್ಲಿ ಬಂದರೆ ಕಟ್ಟಿಕೊಂಡ ಗಂಡನಿಗೂ ಹೇಳುವುದಿಲ್ಲ. ಇಳಕಲ್ಲಿನ ರತ್ನಾಬಾಯಿಯೂ ಹೇಳಿರಲಿಲ್ಲ.

ಇದು ಸಾವಿರದ ಒಂಬೈನೂರ ಎಂಬತ್ತೊಂದರ ಮಾತು. ರತ್ನಾಬಾಯಿಯ ಗಂಡ ಶಿವಸಂಗಪ್ಪ ಸೀರೆ ನೇಯುವವನು. ಮನೆಯಲ್ಲಿ ಎರಡು ಕುಣಿಮಗ್ಗ, ಗಂಡನದೊಂದು, ಹೆಂಡತಿಯದೊಂದು. ಎದುರುಬದುರು ಕುಳಿತು ಕುಣಿಯಲ್ಲಿ ಕಾಲು ಬಿಟ್ಟುಕೊಂಡು ನೇಯುತ್ತಿದ್ದರು. ಜೊತೆಗೆ ಶಿವಸಂಗಪ್ಪನ ತಾಯಿ ಬೋರವ್ವ, ಹದಿಮೂರು ವರ್ಷದ ಮಗಳು ದುರ್ಗವ್ವ. ಉಂಡುಟ್ಟು ಸುಖವಾಗಿದ್ದ ಸಂಸಾರ.

ನೇಯುವವರ ಮುಂದೆ ನೇಯ್ದ ಸೀರೆ ಸುತ್ತಿಕೊಳ್ಳುವ ಕಟ್ಟಿಗೆಯ ದಿಂಡು ಇರುತ್ತದೆ. ಎಳೆ ಹರಿದಾಗೆಲ್ಲ ಮುಂದೆ ಬಾಗಿ ಗಂಟು ಹಾಕಬೇಕು. ಬಾಗಿದಾಗ ಎದೆ ಆ ದಿಂಡಿಗೆ ಒತ್ತುತ್ತದೆ. ಒಂದು ದಿನ ಮೈ ತೊಳೆಯುವಾಗ ರತ್ನಾಬಾಯಿಯ ಕೈಗೆ ಎಡ ಎದೆಯಲ್ಲಿ ಕಡಲೆಕಾಳಿನಷ್ಟು ಗಂಟು ಸಿಕ್ಕಿತು. ಒತ್ತಿ ನೋಡಿದಳು, ನೋಯಲಿಲ್ಲ. ಅತ್ತೆಗೆ ಮೆಲ್ಲಗೆ ಹೇಳಿದಳು. ಬೋರವ್ವ ತನ್ನ ಬೆರಳುಗಳ ಮೇಲಿನ ಒರಟು ಗಂಟುಗಳನ್ನು ತೋರಿಸಿ, ಇದು ಮಗ್ಗದ ಗಂಟು, ನೇಯುವ ಮನೆಯಲ್ಲಿ ಯಾರ ಮೈಯಲ್ಲಿ ಇಲ್ಲ ಎಂದಳು. ಮಾತು ಸರಿಯೆನಿಸಿತು. ರತ್ನಾಬಾಯಿ ಹಳೆಯ ಸೀರೆಯ ತುಂಡೊಂದನ್ನು ನಾಲ್ಕು ಮಡಿಕೆ ಮಾಡಿ ದಿಂಡಿನ ಮೇಲೆ ಹಾಕಿಕೊಂಡು ಏಳು ತಿಂಗಳು ನೇಯ್ದಳು. ಕಡಲೆಕಾಳು ಲಿಂಬೆಕಾಯಿಯಾಯಿತು.

ಅಬೇದಾ ಆ ಓಣಿಗೆ ಬರುವ ಸರಕಾರಿ ದವಾಖಾನೆಯ ನರ್ಸು. ಮಕ್ಕಳಿಗೆ ಲಸಿಕೆ ಹಾಕಲು ಮನೆಮನೆ ತಿರುಗುವವಳು. ಎಲ್ಲರೂ ಅವಳನ್ನು ನರ್ಸಬಾಯಿ ಎನ್ನುತ್ತಿದ್ದರು. ಒಂದು ದಿನ ನೀರು ಕೊಡುವ ನೆಪದಲ್ಲಿ ರತ್ನಾಬಾಯಿ ಅವಳನ್ನು ಒಳಗೆ ಕರೆದು ತೋರಿಸಿದಳು. ಗಂಟಿನ ಮೇಲಿನ ಚರ್ಮ ಒಳಕ್ಕೆ ಎಳೆದುಕೊಂಡಿತ್ತು. ಅಬೇದಾಳ ಮುಖ ಸಣ್ಣದಾಯಿತು.

"ನೋಯ್ತೈತೇನು ರತ್ನಕ್ಕ?"

"ಇಲ್ರಿ ಬಾಯಾರ. ಒಂಚೂರೂ ನೋಯಂಗಿಲ್ಲ."

"ಅದಕ್ಕ ನನಗ ಅಂಜಿಕಿ. ನೋವ ಆಗಿದ್ರ ನೀವು ಎಂದೋ ದವಾಖಾನಿಗೆ ಓಡಿ ಬರ್ತಿದ್ರಿ."

ಅಬೇದಾ ಶಿವಸಂಗಪ್ಪನನ್ನು ಕೂಡಿಸಿಕೊಂಡು ಎಲ್ಲ ಹೇಳಿದಳು. ಎದೆಯಲ್ಲಿ ಬರುವ ಗಂಟೆಲ್ಲ ಕ್ಯಾನ್ಸರ್ ಅಲ್ಲ, ಹೆಚ್ಚಿನವು ಅಲ್ಲವೇ ಅಲ್ಲ. ಆದರೆ ಯಾವುದು ಹೌದು, ಯಾವುದು ಅಲ್ಲ ಎಂದು ಕಣ್ಣಿನಿಂದ ಹೇಳಲು ಬರುವುದಿಲ್ಲ. ಪರೀಕ್ಷೆ ಮಾಡಿಸಬೇಕು, ಈ ವಾರವೇ ಹುಬ್ಬಳ್ಳಿಗೆ ಹೋಗಬೇಕು. ಹೌದಾಗಿದ್ದರೆ ಆಪರೇಷನ್ ಮಾಡಿ ತೆಗೆಯುತ್ತಾರೆ, ಜೀವ ಉಳಿಯುತ್ತದೆ.

ಕ್ಯಾನ್ಸರ್ ಎಂಬ ಮಾತು ಕೇಳಿಯೇ ಶಿವಸಂಗಪ್ಪ ಹೆದರಿದ. ಆಪರೇಷನ್ ಎಂದದ್ದಂತೂ ಅವನಿಗೆ ಸಾವಿನ ಸುದ್ದಿಯಂತೆ ಕೇಳಿಸಿತು. ಹಿಂದಿನ ವರ್ಷ ಓಣಿಯ ಕಾಶಪ್ಪನಿಗೆ ಗಂಟಲಲ್ಲಿ ಇದೇ ಬೇನೆಯಾಗಿತ್ತು. ಕೊಯ್ಯಿಸಿಕೊಂಡು ಬಂದ ತಿಂಗಳಿಗೆ ತೀರಿಕೊಂಡಿದ್ದ. ಕತ್ತರಿ ತಾಗಿದರೆ ಬೇನೆ ಮೈಯೆಲ್ಲ ಹಬ್ಬುತ್ತದೆ ಎಂದು ಇಡೀ ಓಣಿ ಆಡಿಕೊಂಡಿತ್ತು. ಕಾಶಪ್ಪ ಹೋದದ್ದು ಕತ್ತರಿಯಿಂದಲ್ಲ, ನೀರೂ ಇಳಿಯದಂತಾದ ಮೇಲೆ ದವಾಖಾನೆಗೆ ಹೋದದ್ದರಿಂದ ಎಂದು ಅಬೇದಾ ಹೇಳಿದಳು. ಶಿವಸಂಗಪ್ಪನ ಕಿವಿಗೆ ಅದು ಬೀಳಲಿಲ್ಲ.

ಅವನನ್ನು ಕಲ್ಲೆದೆಯವನು ಎನ್ನಬೇಡಿ. ಹೆಂಡತಿಯ ಮೇಲೆ ಪ್ರಾಣವಿಟ್ಟುಕೊಂಡವನು. ಆ ಪ್ರಾಣವೇ ಅವನನ್ನು ದಾರಿ ತಪ್ಪಿಸಿತು. ಬಾದಾಮಿ ಕಡೆಯ ಹಳ್ಳಿಯೊಂದರಲ್ಲಿ ಹುಲ್ಲಪ್ಪ ಎಂಬುವವನು ಪಥ್ಯದಿಂದಲೇ ಗಂಟು ಕರಗಿಸುತ್ತಾನೆಂದು ಯಾರೋ ಹೇಳಿದ್ದೇ ತಡ, ಹೆಂಡತಿಯನ್ನು ಕರೆದುಕೊಂಡು ಹೋದ. ಹುಲ್ಲಪ್ಪನೂ ಮೋಸಗಾರನಲ್ಲ, ತಾನು ಹೇಳುವುದನ್ನು ತಾನೇ ನಂಬಿದವನು. ಹೊಟ್ಟೆ ಹಸಿದರೆ ಗಂಟೂ ಹಸಿಯುತ್ತದೆ, ಹಸಿದು ಒಣಗುತ್ತದೆ ಎಂದ. ಉಪ್ಪು, ಎಣ್ಣೆ, ಹಾಲು, ಬೇಳೆ, ರೊಟ್ಟಿ ಯಾವುದೂ ಕೂಡದು. ಮುಂಜಾನೆ ಕಹಿ ಸೊಪ್ಪಿನ ರಸ, ಎರಡು ಹೊತ್ತು ನವಣೆಯ ತಿಳಿಗಂಜಿ. ನಲವತ್ತು ದಿನ.

ಶಿವಸಂಗಪ್ಪ ತಾನೇ ಸೊಪ್ಪು ಅರೆದ, ತಾನೇ ಗಂಜಿ ಕಾಸಿದ. ಅವಳೊಬ್ಬಳು ಸಪ್ಪೆ ಉಣ್ಣುವುದನ್ನು ನೋಡಲಾಗದೆ ತಾನೂ ಉಪ್ಪು ಬಿಟ್ಟ. ಗಂಡ ಅಂದರೆ ಹೀಗಿರಬೇಕು ಎಂದು ಓಣಿಯ ಹೆಂಗಸರು ತಮ್ಮ ತಮ್ಮ ಗಂಡಂದಿರನ್ನು ಚುಚ್ಚಿದರು. ರತ್ನಾಬಾಯಿಗೆ ಹಸಿವಾಗುತ್ತಿತ್ತು. ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಕೇಳಿದರೆ ಬಾಯಲ್ಲಿ ನೀರು ಬರುತ್ತಿತ್ತು. ಇಷ್ಟೆಲ್ಲ ಮಾಡುವ ಗಂಡನಿಗೆ ಬೇಡವೆನ್ನುವುದು ಹೇಗೆ? ಸುಮ್ಮನೆ ಕುಡಿದಳು.

ಬೋರವ್ವ ಇನ್ನೊಂದು ಹೆಜ್ಜೆ ಮುಂದೆ ಹೋದಳು. ಬೇನೆ ಅಂಟುತ್ತದೆಂದು ಸೊಸೆಗೆ ಉಣ್ಣಲು ಬೇರೆ ಗಂಗಾಳ, ಕುಡಿಯಲು ಬೇರೆ ತಂಬಿಗೆ ಇಟ್ಟಳು. ದುರ್ಗವ್ವ ತಾಯಿಯ ಮಗ್ಗುಲಲ್ಲಿ ಮಲಗುವುದು ನಿಂತಿತು. ರತ್ನಾಬಾಯಿ ಗೋಡೆಯ ಕಡೆ ಮುಖ ಮಾಡಿ ಮಲಗಲು ಕಲಿತಳು.

ನಲವತ್ತು ದಿನ ಕಳೆದವು. ಹುಲ್ಲಪ್ಪ ಇನ್ನೂ ನಲವತ್ತು ದಿನ ಎಂದ. ಅಷ್ಟರಲ್ಲಿ ರತ್ನಾಬಾಯಿಯ ಮೈ ಕರಗಿತು, ಗಂಟು ಕರಗಲಿಲ್ಲ. ಮಗ್ಗದ ಕುಣಿಗೆ ಇಳಿಯಲು ಗಂಡ ಕೈ ಹಿಡಿಯಬೇಕಾಯಿತು. ಒಂದು ಮುಂಜಾನೆ ಕುಪ್ಪಸಕ್ಕೆ ರಕ್ತ ಅಂಟಿತ್ತು. ಶಿವಸಂಗಪ್ಪ ಅರೆಯುತ್ತಿದ್ದ ಸೊಪ್ಪನ್ನು ಅಲ್ಲೇ ಬಿಟ್ಟು ಅಬೇದಾಳ ಮನೆಗೆ ಓಡಿದ. ಅವಳು ಬೈಯಲಿಲ್ಲ. ರಜೆ ಹಾಕಿ, ಅವರ ಜೊತೆಗೇ ಹುಬ್ಬಳ್ಳಿ ಬಸ್ಸು ಹತ್ತಿದಳು.

ದೊಡ್ಡ ದವಾಖಾನೆಯ ಡಾಕ್ಟರು ಪರೀಕ್ಷೆಗಳನ್ನೆಲ್ಲ ಮಾಡಿಸಿ ಶಿವಸಂಗಪ್ಪನನ್ನು ಕರೆದರು. ಕ್ಯಾನ್ಸರ್ ಎಂಬುದು ಖಚಿತವಾಗಿತ್ತು, ಕಂಕುಳಿಗೂ ಹರಡಿತ್ತು. ಮಗ್ಗದ ದಿಂಡಿಗೂ ಇದಕ್ಕೂ ಸಂಬಂಧವಿಲ್ಲ ಎಂದರು. ಆಪರೇಷನ್ ಮಾಡಬೇಕು, ಆಮೇಲೆ ಕರೆಂಟು, ಅಂದರೆ ಯಂತ್ರದಿಂದ ಕಿರಣ, ಕೊಡಬೇಕು, ಆದರೆ ಈಗಲೇ ಆಗುವುದಿಲ್ಲ, ಇವರ ಮೈಯಲ್ಲಿ ಅದನ್ನು ತಡೆಯುವಷ್ಟು ರಕ್ತವೇ ಇಲ್ಲ ಎಂದರು. ಮೂರು ವಾರ ಚೆನ್ನಾಗಿ ಉಣ್ಣಿಸಿ ಕರೆತರಲು ಹೇಳಿದರು.

ಶಿವಸಂಗಪ್ಪನಿಗೆ ಆಗ ತಿಳಿಯಿತು. ತಾನು ಅಷ್ಟು ಪ್ರೀತಿಯಿಂದ ಕಾಸಿ ಕುಡಿಸಿದ ಗಂಜಿಯೇ ಅವಳ ಶಕ್ತಿಯನ್ನೂ ತಿಂದಿತ್ತು, ದಿನಗಳನ್ನೂ ತಿಂದಿತ್ತು. ದವಾಖಾನೆಯ ಕಟ್ಟೆಯ ಮೇಲೆ ಕುಳಿತು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತ.

"ಅತ್ತಿದ್ದು ಸಾಕು, ಸಂಗಪ್ಪಣ್ಣ," ಎಂದಳು ಅಬೇದಾ. "ನಿಮ್ಮ ಕೈಯಾಗ ಅಡಗಿ ಮಾಡೋ ಹುರುಪು ಐತಿ. ಅದನ್ನ ಈಗ ಬರೋಬ್ಬರಿ ಕೆಲಸಕ್ಕ ಹಚ್ಚ್ರಿ. ಊಟ ಬ್ಯಾನಿ ಕಳಿಯಂಗಿಲ್ಲ, ಬ್ಯಾನಿ ಕಳಿಯೋದು ಔಷಧ. ಆದ್ರ ಆ ಔಷಧ ತಡಕೊಳ್ಳಾಕ ಮೈಯಾಗ ತ್ರಾಣ ಬೇಕಲ್ಲ, ಅದನ್ನ ಕೊಡೋದು ಊಟ."

ಅಂದಿನಿಂದ ಆ ಮನೆಯ ಪಥ್ಯವೇ ಬದಲಾಯಿತು. ಬಿಸಿ ಹಾಲಿನಲ್ಲಿ ನೆನೆಸಿ ಮೆತ್ತಗೆ ಮಾಡಿದ ಜೋಳದ ರೊಟ್ಟಿ. ಹೆಸರುಬೇಳೆಯ ಕಟ್ಟು, ಮೇಲೆ ಒಂದು ಚಮಚ ತುಪ್ಪ. ಮೊಸರಿನಲ್ಲಿ ಕಲಸಿದ ಶೇಂಗಾ ಚಟ್ನಿಪುಡಿ, ಬಾಳೆಹಣ್ಣು, ಸೊಪ್ಪಿನ ಪಲ್ಯ. ಒಮ್ಮೆಗೇ ತುಂಬ ಬಡಿಸದೆ ದಿನಕ್ಕೆ ಆರು ಸಲ ಸ್ವಲ್ಪ ಸ್ವಲ್ಪ. ಆಪರೇಷನ್ ಆಗಿ, ಕರೆಂಟು ಕೊಡಿಸಿಕೊಳ್ಳುವ ದಿನಗಳಲ್ಲಿ ಅವಳಿಗೆ ಊಟವೇ ಬೇಡವಾಗುತ್ತಿತ್ತು. ಆಗ ಶಿವಸಂಗಪ್ಪ ಖಾರ ಕಡಿಮೆ ಮಾಡಿ, ಗಂಜಿಗೆ ಬೇಳೆ ಹಾಕಿ ಕಡೆದು, ಆರಿಸಿ ಕೊಡುತ್ತಿದ್ದ. ಅವಳು ಎರಡು ಚಮಚಕ್ಕೆ ಸಾಕೆಂದರೆ ಜಬರ್ದಸ್ತಿ ಮಾಡದೆ, ಅರ್ಧ ತಾಸು ಬಿಟ್ಟು ಮತ್ತೆರಡು ಚಮಚ ಹಿಡಿಯುತ್ತಿದ್ದ. ಜೊತೆಯ ನೇಕಾರರು ಬಾಗಿಲಲ್ಲಿ ನಿಂತು, ಏನ್ ಸಂಗಪ್ಪ, ಲಾಳಿ ಬಿಟ್ಟು ಸೌಟು ಹಿಡಿದೆಯಲ್ಲ ಎಂದು ನಗಾಡಿದರು. ಅವನು ತಲೆ ಎತ್ತಲಿಲ್ಲ, ಗಂಜಿ ತಳ ಹಿಡಿಯುವ ಹೊತ್ತಾಗಿತ್ತು.

ಬೋರವ್ವ ಮಾತ್ರ ಬೇರೆ ಗಂಗಾಳ ಬಿಟ್ಟಿರಲಿಲ್ಲ. ಅದನ್ನು ಕಂಡ ಅಬೇದಾ ಒಂದು ಮಧ್ಯಾಹ್ನ ರತ್ನಾಬಾಯಿಯ ಮುಂದೆ ಕುಳಿತು, ಅವಳ ಗಂಗಾಳದಿಂದಲೇ ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡಳು. ಆಮೇಲೆ ಬೋರವ್ವನ ಕಡೆ ತಿರುಗಿ, "ಅಂಟೋ ಬ್ಯಾನಿ ಆಗಿದ್ರ ನಾ ತಿಂತಿದ್ನೇನವ್ವಾ? ನನಗೂ ಮಕ್ಕಳದಾವು," ಎಂದಳು. ಬೋರವ್ವ ಎದ್ದು ಹೋದಳು. ಹಳೆಯ ಜೀವ, ಒಪ್ಪಿಕೊಳ್ಳಲು ಒಂದು ವಾರ ಹಿಡಿಯಿತು. ಎಂಟನೆಯ ದಿನ ತನ್ನ ಮತ್ತು ಸೊಸೆಯ ಊಟವನ್ನು ಒಂದೇ ಗಂಗಾಳದಲ್ಲಿ ಕಲಸಿಕೊಂಡು ಬಂದು ಅವಳ ಬಾಯಿಗೆ ತುತ್ತು ಇಟ್ಟಳು. ರತ್ನಾಬಾಯಿ ಅಳುತ್ತಲೇ ಉಂಡಳು. ಅವತ್ತು ದುರ್ಗವ್ವ ತಾಯಿಯ ಮಗ್ಗುಲಿಗೆ ಹೋಗಿ ಮಲಗಿದಳು, ಯಾರೂ ಬೇಡ ಎನ್ನಲಿಲ್ಲ.

ಒಂದು ವರ್ಷ ಚೆನ್ನಾಗಿತ್ತು. ರತ್ನಾಬಾಯಿಯ ಮುಖಕ್ಕೆ ಕಳೆ ಬಂತು. ಹುನಗುಂದದಲ್ಲಿ ತಂಗಿಯ ಮದುವೆಯಲ್ಲಿ ಓಡಾಡಿ ಬಡಿಸಿದಳು. ಮಗಳನ್ನು ಕುಣಿಯಲ್ಲಿ ಕೂಡಿಸಿಕೊಂಡು ಸೆರಗಿನ ಎಳೆಗೆ ಸೀರೆಯ ಒಡಲಿನ ಎಳೆ ಕೂಡಿಸುವುದನ್ನು ಕಲಿಸಿದಳು. ಆಮೇಲೆ ಬೆನ್ನುನೋವು ಶುರುವಾಯಿತು. ಬೇನೆ ಎಲುಬಿಗೆ ಇಳಿದಿದೆ, ಇನ್ನು ನೋವು ಕಡಿಮೆ ಮಾಡಬಹುದೇ ಹೊರತು ಬೇನೆಯನ್ನಲ್ಲ ಎಂದರು ಡಾಕ್ಟರು.

ಒಂದು ದಿನ ಸಂಜೆಯ ಬಿಸಿಲಲ್ಲಿ ಅವಳನ್ನು ಅಂಗಳದ ಹೊರಸಿನ ಮೇಲೆ ಮಲಗಿಸಿ ಶಿವಸಂಗಪ್ಪ ಹಾಲು ಕುಡಿಸುತ್ತಿದ್ದ. ಅವಳು ಅವನ ಕೈ ತಡೆದಳು.

"ಒಂದ ಮಾತ ಕೇಳ್ತೇನಿ, ಖರೆ ಹೇಳ್ರಿ. ಅಬೇದಾ ಬಾಯಾರು ಹೇಳಿದಾಗ ಹೋಗಿದ್ರ ನಾ ಉಳೀತಿದ್ನೇನು?"

ಇಲ್ಲ, ಹಣೆಬರಹ ಎಂದು ಹೇಳಿಬಿಡಬಹುದಿತ್ತು. ಬಾಯ ತುದಿಗೆ ಬಂದಿತ್ತು ಕೂಡ. ಆದರೆ ಇಪ್ಪತ್ತು ವರ್ಷ ಎದುರಿಗೆ ಕುಳಿತು ನೇಯ್ದವಳಿಗೆ ಅವನು ಸುಳ್ಳು ಹೇಳಲಾರದೆ ಹೋದ.

"ಡಾಕ್ಟರು ಖಾತ್ರಿ ಹೇಳಂಗಿಲ್ಲ ರತ್ನಾ. ಆದ್ರ ಬಹುಶಃ ಉಳೀತಿದ್ದಿ," ಎಂದ. "ನಾ ಅಂಜಿದ್ನಿ. ನನ್ನ ಅಂಜಿಕಿ ನಿನಗ ಮುಳುವಾತು."

ಅವಳು ಅವನ ಕೈಯನ್ನು ಎಳೆದು ತನ್ನ ಕೆನ್ನೆಯ ಕೆಳಗೆ ಇಟ್ಟುಕೊಂಡಳು.

"ನಾನೂ ಏಳ ತಿಂಗಳ ಮುಚ್ಚಿಟ್ಟೇನಿ. ಇಬ್ಬರ ತಪ್ಪೂ ಐತಿ. ನೀವು ಈಗ ಹೇಳಿದ್ರಲ್ಲ, ಇದನ್ನ ನನ್ನೊಬ್ಬಾಕಿಗೆ ಹೇಳಿ ಬಿಡಬ್ಯಾಡ್ರಿ. ಹೆಂಗಸರಿಗೆ ಹೇಳ್ರಿ. ಗಂಡಸರಿಗೂ ಹೇಳ್ರಿ."

ಹದಿನೈದು ದಿನದ ಮೇಲೆ ಅವಳು ತೀರಿಕೊಂಡಳು. ಅತ್ತೆ, ಗಂಡ, ಮಗಳು ಮೂವರೂ ಮೈ ಮುಟ್ಟಿಕೊಂಡು ಕುಳಿತಿದ್ದರು. ಮೂವತ್ತೇಳು ವರ್ಷ ಸಾಯುವ ವಯಸ್ಸಲ್ಲ. ಈ ಮಾತು ಬರೆಯುವಾಗ ನನಗೆ ಸಿಟ್ಟೂ ಬರುತ್ತದೆ, ಅಳುವೂ ಬರುತ್ತದೆ.

ಮೂರು ತಿಂಗಳ ನಂತರ ಶಿವಸಂಗಪ್ಪ ಅಬೇದಾಳ ಜೊತೆ ಹತ್ತಿರದ ಮರೋಳ ಹಳ್ಳಿಯ ಮಹಿಳಾ ಮಂಡಳಕ್ಕೆ ಹೋದ. ಗಂಡಸಾಗಿ ಹೆಂಗಸರ ಮುಂದೆ ಎದೆಯ ಮಾತು ಆಡುವುದು ಹೇಗೆಂದು ದಾರಿಯುದ್ದಕ್ಕೂ ಬೆವರಿದ್ದ. ಎದ್ದು ನಿಂತ ಮೇಲೆ ನೆಲ ನೋಡುತ್ತಲೇ ಎಲ್ಲ ಹೇಳಿದ, ಹುಲ್ಲಪ್ಪನ ಗಂಜಿಯನ್ನೂ ಮುಚ್ಚಿಡಲಿಲ್ಲ. ಕೇಳಿದವರಲ್ಲಿ ಇಬ್ಬರು ಅಲ್ಲಿಯೇ ಅಬೇದಾಳನ್ನು ಪಕ್ಕಕ್ಕೆ ಕರೆದು ತಮ್ಮ ಗಂಟು ತೋರಿಸಿದರು. ಪರೀಕ್ಷೆ ಮಾಡಿಸಿದಾಗ ಒಬ್ಬಳದು ಬರೀ ಹಾಲಿನ ಗಂಟು ಎಂದು ತಿಳಿಯಿತು. ಇನ್ನೊಬ್ಬಳದು ಕ್ಯಾನ್ಸರೇ, ಆದರೆ ಕಡಲೆಕಾಳಿನಷ್ಟಿದ್ದಾಗಲೇ ತೆಗೆಸಿದರು. ಅವಳು ಈಗ ಮೊಮ್ಮಗಳನ್ನು ಆಡಿಸುತ್ತಿದ್ದಾಳೆ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕತಂಗಿಯರೇ, ತಿಂಗಳಿಗೊಮ್ಮೆ ಮೈ ತೊಳೆಯುವಾಗ ನಿಮ್ಮ ಎದೆಯನ್ನೂ ಕಂಕುಳನ್ನೂ ಬೆರಳಿನಿಂದ ಒತ್ತಿ ನೋಡಿಕೊಳ್ಳಿ. ಗಂಟು ಸಿಕ್ಕಿದರೆ, ಚರ್ಮ ಒಳಕ್ಕೆ ಎಳೆದುಕೊಂಡಿದ್ದರೆ, ತೊಟ್ಟಿನಿಂದ ರಕ್ತ ಬಂದರೆ, ನೋವಿಲ್ಲ ಎಂದು ಸುಮ್ಮನಿರಬೇಡಿ, ನಾಚಿಕೆ ಪಡಬೇಡಿ, ಆ ವಾರವೇ ದವಾಖಾನೆಗೆ ಹೋಗಿ. ಬೇನೆ ಬಿದ್ದವರಿರುವ ಮನೆಯವರೇ, ಇದು ಅಂಟುವ ರೋಗವಲ್ಲ, ಗಂಗಾಳ ಬೇರೆ ಮಾಡಬೇಡಿ. ಡಾಕ್ಟರು ಹೇಳಿದ ಔಷಧ ಬಿಡಿಸಬೇಡಿ. ಉಪವಾಸ ಕೆಡವದೆ ಹೊಟ್ಟೆ ತುಂಬ ಉಣ್ಣಿಸಿ, ಹತ್ತಿರ ಕುಳಿತು ಉಣ್ಣಿಸಿ.

ಗಂಡಸರೇ, ನಿಮಗೆ ಒಂದೇ ಮಾತು. ಹೆದರಿಕೆ ಎಲ್ಲರಿಗೂ ಇದೆ. ಹೆದರಿಕೊಂಡೇ ಹೆಂಡತಿಯ ಕೈ ಹಿಡಿದು ದವಾಖಾನೆಗೆ ಕರೆದೊಯ್ಯಿರಿ. ಶಿವಸಂಗಪ್ಪನ ಹೆಂಡತಿ ಕೇಳಿದ ಪ್ರಶ್ನೆಯನ್ನು ನಿಮ್ಮ ಹೆಂಡತಿ ನಿಮ್ಮನ್ನು ಕೇಳುವಂತಾಗಬಾರದು.