ಹಾಸಿಗೆ ಒದ್ದೆಯಾಗಬಾರದು

"ಲಂಗೋಟಿ ಮಡಚಿ ಕಟ್ಟೋದು, ಪಿನ್ನು ಚುಚ್ಚೋದು ಇವೆಲ್ಲ ನನ್ನ ಹತ್ರ ನಡಿಯಲ್ಲ," ಅಂದರು ದೊಡ್ಡಕ್ಕ. "ಎತ್ತಿದ ಕೂಡ್ಲೇ ಹಾಕೋ ಹಾಗಿರ್ಬೇಕು, ಹಾಕಿದ್ರೆ ಜಾರದೆ ಕೂರ್ಬೇಕು. ಮಗು ಮಲಗಿ ಏಳೋ ತನಕ ಹಾಸಿಗೆ ಒದ್ದೆಯಾಗಬಾರದು. ಅಷ್ಟಿದ್ರೆ ನೀನು ಬಟ್ಟೆನಾದ್ರೂ ತಾ, ಗೋಣಿಚೀಲನಾದ್ರೂ ತಾ."

ದೊಡ್ಡಕ್ಕ ನಮ್ಮ ಬೀದಿಯ ತುದಿಯಲ್ಲಿ ಡೇ ಕೇರ್ ನಡೆಸುವವರು. ವಯಸ್ಸಿನಲ್ಲಿ ನನಗಿಂತ ಚಿಕ್ಕವರೇ ಇರಬಹುದು, ಆದರೆ ಆ ದನಿಗೆ ನಮ್ಮ ಡಿಪೋ ಮ್ಯಾನೇಜರ್ ಕೂಡ ಎದ್ದು ನಿಲ್ಲಬೇಕು. ಅವರಲ್ಲಿ ಒಂದೇ ಒಂದು ತೊಟ್ಟಿಲು ಖಾಲಿ ಇತ್ತು. ಅದು ನನ್ನ ಮಗಳಿಗೆ ಸಿಗದಿದ್ದರೆ ನಾನು ಬಸ್ಸನ್ನು ಮರೆಯಬೇಕಿತ್ತು.

ನಾನು ಬಸ್ ಡ್ರೈವರ್. ಹೆಂಗಸು ಓಡಿಸುವ ಬಸ್ಸು ಬೇಡ ಎಂದು ಮೂಗು ಮುರಿದು ಇಳಿದು ಹೋದವರನ್ನು ನೋಡಿದ್ದೇನೆ, ಆಮೇಲೆ ಅವರೇ ನನ್ನ ಬಸ್ಸಿಗೆ ಕಾದು ನಿಂತಿದ್ದನ್ನೂ ನೋಡಿದ್ದೇನೆ. ಹೆರಿಗೆ ರಜೆ ಮುಗಿಯುತ್ತ ಬಂದಿತ್ತು. ಸೋಮವಾರ ಕೆಲಸಕ್ಕೆ ಬರದಿದ್ದರೆ ರೂಟು ಬೇರೆಯವರ ಪಾಲು, ಮತ್ತೆ ಯಾವಾಗ ಸಿಗುತ್ತದೋ ಹೇಳಲಾರೆ ಎಂದು ಮ್ಯಾನೇಜರ್ ನಯವಾಗಿಯೇ ಹೇಳಿದ್ದರು. ನಯವಾಗಿ ಹೇಳಿದ ಮಾತ್ರಕ್ಕೆ ಉರಿ ಕಡಿಮೆಯಾಗುತ್ತದೆಯೇ?

ಮನೆಯಲ್ಲಿ ಅತ್ತೆ ಇದ್ದಾರಲ್ಲ ಎಂದು ಎಲ್ಲರೂ ಕೇಳುತ್ತಾರೆ. ಇದ್ದಾರೆ. ಒಂದು ದೊಡ್ಡ ಹೋಟೆಲಿನ ಲಾಂಡ್ರಿಯಲ್ಲಿ ಜೀವಮಾನವೆಲ್ಲ ಒದ್ದೆ ಚಾದರಗಳನ್ನು ಎತ್ತಿ ಎತ್ತಿ ಅವರ ಭುಜ ಸೋತಿದೆ. ತೊಡೆಯ ಮೇಲೆ ಕೂರಿಸಿದರೆ ಮೊಮ್ಮಗಳನ್ನು ಗಂಟೆಗಟ್ಟಲೆ ಆಡಿಸುತ್ತಾರೆ, ತೊಟ್ಟಿಲಿನಿಂದ ಎತ್ತಿಕೊಳ್ಳಲಾರರು. ಅದಕ್ಕೇ ಏನೋ, ಮರಿಯ ಬಟ್ಟೆ ಒಗೆಯುವ ಕೆಲಸವನ್ನು ಹಟ ಹಿಡಿದು ತಾವೇ ತೆಗೆದುಕೊಂಡಿದ್ದರು. ಮಷಿನ್ನಿನ ಹತ್ತಿರ ನಾವ್ಯಾರೂ ಸುಳಿಯುವಂತಿರಲಿಲ್ಲ. ಮರಿ ಅಂದರೆ ನನ್ನ ಮಗಳು.

ಬಿಸಾಡುವ ಡೈಪರ್ ಹಾಕಿದರೆ ಈ ಪಂಚಾಯಿತಿಯೇ ಬೇಡ, ನಿಜ. ಆದರೆ ಅದನ್ನು ಹಾಕಿದಾಗಲೆಲ್ಲ ಮರಿಯ ತೊಡೆಸಂದು ಕೆಂಪಗೆ ಸುಲಿದು ಹೋಗುತ್ತಿತ್ತು. ಕಂಪನಿ ಬದಲಾಯಿಸಿದೆವು, ಮುಲಾಮು ಬದಲಾಯಿಸಿದೆವು. ಕೊನೆಗೆ ಡಾಕ್ಟರೇ, ಈ ಚರ್ಮಕ್ಕೆ ಬಟ್ಟೆಯೇ ಸರಿ ಅಂದರು. ಒರೆಸುವಾಗ ಮರಿ ಕಿರುಚುತ್ತಿದ್ದದ್ದು ಪಕ್ಕದ ಮನೆಗೂ ಕೇಳುತ್ತಿತ್ತು. ಇನ್ನೊಮ್ಮೆ ಆ ಡೈಪರ್ ಹಾಕುವ ಮಾತೇ ಇರಲಿಲ್ಲ.

ಮರಿಯನ್ನು ಕಂಕುಳಲ್ಲಿ ಇರುಕಿಕೊಂಡು ಮಕ್ಕಳ ಸಾಮಾನಿನ ಅಂಗಡಿಗೆ ಹೋದೆ. ಅಂಗಡಿಯ ಹುಡುಗಿ ಬಟ್ಟೆಯ ಡೈಪರ್‌ಗಳನ್ನು ಗಲ್ಲಾದ ಮೇಲೆ ಒಂದೊಂದಾಗಿ ಹರಡಿದಳು. ಚೌಕದ ಬಟ್ಟೆಗಳನ್ನು ಮೊದಲೇ ತಳ್ಳಿಹಾಕಿದೆ, ಅವನ್ನು ಮಡಚಬೇಕು. ಜೇಬಿನಂಥದ್ದೊಂದಿತ್ತು, ಅದರೊಳಗೆ ಪ್ರತಿ ಸಲವೂ ನೀರು ಹೀರುವ ಪಟ್ಟಿ ತುರುಕಬೇಕು, ಅದನ್ನು ಒಯ್ದರೆ ದೊಡ್ಡಕ್ಕ ಆ ಪಟ್ಟಿಯನ್ನು ನನ್ನ ಬಾಯಿಗೇ ತುರುಕುತ್ತಾರೆ. ಕೊನೆಗೆ ಬಂದದ್ದು ಮೈಗೆ ಸರಿಯಾಗಿ ಹೊಲಿದ ಚಡ್ಡಿಯಂಥ ಡೈಪರ್. ಇಡೀ ಬಟ್ಟೆಯೇ ಹೀರುವಂಥದ್ದು, ತೊಡೆಗೂ ಸೊಂಟಕ್ಕೂ ಎಲಾಸ್ಟಿಕ್, ಮುಂದೆ ಟಿಚ್ ಬಟನ್. ಮೇಲೊಂದು ನೀರು ಬಿಡದ ಕವರ್ ಹಾಕಿದರೆ ಮುಗಿಯಿತು.

ಮರಿಯನ್ನು ಗಲ್ಲಾದ ಮೇಲೆಯೇ ಮಲಗಿಸಿ, ಅದರ ಚಡ್ಡಿಯ ಮೇಲೆಯೇ ಹಾಕಿ ನೋಡಿದೆ. ಸೊಂಟದಲ್ಲಿ ಬೆರಳು ತೂರಿಸಿದೆ. ಮೊಣಕಾಲು ಮಡಚಿ ಹೊಟ್ಟೆಗೆ ಒತ್ತಿದೆ, ತೊಡೆಯ ಹತ್ತಿರ ಎಲ್ಲಾದರೂ ಬಾಯಿ ಬಿಡುತ್ತದೆಯೇ ಎಂದು ಬಗ್ಗಿ ನೋಡಿದೆ. ಬಿಚ್ಚಿ, ತೊಡೆಯ ಮೇಲೆ ಎಲಾಸ್ಟಿಕ್ಕಿನ ಗುರುತು ಬಿದ್ದಿದೆಯೇ ಎಂದು ಬೆಳಕಿನಲ್ಲಿ ನೋಡಿದೆ. ಒಂದು ಅಳತೆ ದೊಗಳೆ, ಇನ್ನೊಂದು ಬಿಗಿ. ಮತ್ತೊಂದು ತರಿಸಿದೆ.

"ಮೇಡಂ, ಡೈಪರ್ ತಗೋತಿದ್ದೀರೋ ಟೈರ್ ತಗೋತಿದ್ದೀರೋ?" ಅಂದಳು ಹುಡುಗಿ.

"ಎರಡಕ್ಕೂ ನೋಡೋದು ಒಂದೇ ಕಣಮ್ಮ. ಹಿಡಿತ ಇರ್ಬೇಕು, ಉಜ್ಜಬಾರದು."

ಸರಿಹೊಂದಿದ ಅಳತೆಯಲ್ಲಿ ಒಂದಷ್ಟು ಕೊಂಡು ತಂದೆ. ಮೊದಲ ದಿನ ಮನೆಯಲ್ಲಿ ಅದು ಚೆನ್ನಾಗಿಯೇ ತಡೆಯಿತು. ನಾನು ಗೆದ್ದೆನೆಂದು ಬೀಗಿದೆ. ಅತ್ತೆ ದಿನಾ ಒಗೆದು, ಮಡಚಿ, ಜೋಡಿಸಿಡುತ್ತಿದ್ದರು. ಮುಟ್ಟಿದರೆ ಬೆಣ್ಣೆ, ಮೂಸಿದರೆ ಹೂವಿನ ಘಮ. ಒಂದೆರಡು ಸಲ ಮರಿಯ ಬೆನ್ನು ಒದ್ದೆಯಾಗಿತ್ತು, ನಾನು ಬಟನ್ ಸರಿಯಾಗಿ ಹಾಕಿಲ್ಲವೇನೋ ಅಂದುಕೊಂಡೆ. ಗುರುವಾರ ದೊಡ್ಡಕ್ಕನ ಪರೀಕ್ಷೆಗೆ ಎದೆಯುಬ್ಬಿಸಿ ಹೋದೆ.

ಮರಿ ಎದ್ದಾಗ ಹಾಸಿಗೆ ಕೆರೆಯಾಗಿತ್ತು.

ದೊಡ್ಡಕ್ಕ ಬೈಯಲಿಲ್ಲ. ಬೈದಿದ್ದರೆ ನಾನೂ ಎರಡು ಮಾತು ಆಡಿ ಹಗುರಾಗುತ್ತಿದ್ದೆ. ಚಾದರ ಎಳೆಯುತ್ತ, "ಹಾಕೋದಕ್ಕೆ ಸುಲಭ ಇದೆ ಕಣಮ್ಮ, ನಾನು ಇಲ್ಲ ಅನ್ನಲ್ಲ. ಆದ್ರೆ ಹಿಡೀತಾ ಇಲ್ವಲ್ಲ," ಅಂದರು. "ಸೋಮವಾರ ಇನ್ನೊಂದು ಸಲ ನೋಡ್ತೀನಿ. ಆಮೇಲೆ ಈ ತೊಟ್ಟಿಲು ಬೇರೆಯವರಿಗೆ ಕೊಡ್ಲೇಬೇಕು. ತಪ್ಪು ತಿಳ್ಕೋಬೇಡ."

ನನ್ನ ಗಂಡ ಪ್ಲಂಬರ್. ಊರಿನ ನಲ್ಲಿಗಳೆಲ್ಲ ಅವನ ಮಾತು ಕೇಳುತ್ತವೆ. ಅವನು ಡೈಪರನ್ನು ಕಿಟಕಿಯ ಬೆಳಕಿಗೆ ಹಿಡಿದು, ತಿರುಗಿಸಿ ಮುರುಗಿಸಿ ನೋಡಿ ತೀರ್ಪು ಕೊಟ್ಟ. "ಲೀಕು ಅಂದ್ರೆ ಜಾಯಿಂಟಲ್ಲೇ ಇರುತ್ತೆ. ತೊಡೆ ಹತ್ರ ಲೂಸು." ಎಲಾಸ್ಟಿಕ್ ಎಳೆದು ಬಿಗಿ ಹೊಲಿಸಿಕೊಂಡು ಬಂದ. ಹಾಕಿ ಬಿಚ್ಚಿದರೆ ಮರಿಯ ತೊಡೆಯ ಸುತ್ತ ದಾರ ಕಟ್ಟಿದಂತೆ ಕೆಂಪು ಗೆರೆ! ಬೆನ್ನು ಮತ್ತೆ ಒದ್ದೆ.

"ಇದು ಪೈಪಲ್ಲ, ನಿನ್ನ ಮಗಳು!" ಎಂದು ಕೂಗಾಡಿದೆ. ಅವನು ತಲೆ ತಗ್ಗಿಸಿ ಕೂತು ಆ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚಿದ.

ಶುಕ್ರವಾರ ಬೆಳಗ್ಗೆ ತಿಂಡಿಗೆ ಕೂತಾಗ ಅವನ ಮೊಣಕೈ ತಾಗಿ ನೀರಿನ ಲೋಟ ಉರುಳಿತು. ನೀರು ಮೇಜಿನ ಅಂಚಿಗೆ ಓಡುತ್ತಿತ್ತು, ಕೈಗೆ ಸಿಕ್ಕಿದ್ದು ಅತ್ತೆ ಮಡಚಿಟ್ಟಿದ್ದ ಡೈಪರ್. ಅದನ್ನೇ ಎಳೆದು ಒರೆಸಿದೆ. ನೀರು ಬಟ್ಟೆಗೆ ಹತ್ತಲೇ ಇಲ್ಲ. ಬಟ್ಟೆ ಮುಂದೆ ಹೋದಂತೆ ನೀರೂ ಮುಂದೆ ಹೋಯಿತು, ಕೊನೆಗೆ ದಳದಳ ಅವನ ತೊಡೆಯ ಮೇಲೆ ಸುರಿಯಿತು.

ಅವನು ಹಾರಿಬಿದ್ದ. ನನ್ನ ಕಣ್ಣು ಆ ಬಟ್ಟೆಯ ಮೇಲೇ ಇತ್ತು. ಒಲೆಯ ಪಕ್ಕದ ಹಳೇ ಕೈಒರೆಸು ತಂದು ಮೇಜಿನ ಮೇಲೆ ಬಿಟ್ಟೆ, ಉಳಿದ ನೀರನ್ನು ಅದು ಗಟಗಟನೆ ಕುಡಿಯಿತು. ಡೈಪರನ್ನು ಹರಡಿ ಒಂದು ಚಮಚ ನೀರು ಹನಿಸಿದೆ. ನೀರು ಮುತ್ತಿನಂತೆ ಮೇಲೆಯೇ ಕೂತಿತು, ಆಮೇಲೆ ಜಾರಿತು.

ಮೂಗಿಗೆ ಆ ಹೂವಿನ ಘಮ ಹೊಡೆಯಿತು. ಬಟ್ಟೆ ಮೆತ್ತಗಾಗಲೆಂದು ಹೋಟೆಲುಗಳಲ್ಲಿ ಕೊನೆಯ ನೀರಿಗೆ ಹಾಕುವ ನೀಲಿ ದ್ರವದ್ದು. ಅತ್ತೆ ಅದರ ಬಾಟಲಿಯನ್ನು ಮಷಿನ್ನಿನ ಪಕ್ಕದಲ್ಲೇ ಇಟ್ಟಿದ್ದರು. ಒಗೆತಕ್ಕೊಂದು ಪದರ, ಎಳೆ ಎಳೆಗೂ ಜಿಡ್ಡಿನ ಹಾಗೆ ಅಂಟಿತ್ತು.

"ಅಮ್ಮಂಗೆ ಹೇಳ್ಬೇಡ. ನಾವೇ ಗುಟ್ಟಾಗಿ ಇನ್ನೊಂದು ಸಲ ಒಗೆಯೋಣ," ಎಂದು ಗಂಡ ಪಿಸುಗುಟ್ಟಿದ. ಅವನ ಮಾತಿನಲ್ಲೂ ಅರ್ಥವಿತ್ತು. ಅವರ ಪಾಲಿಗೆ ಉಳಿದಿದ್ದ ಕೆಲಸವೇ ಅದೊಂದು. ಆದರೆ ನಾನು ಸೋಮವಾರ ಬಸ್ಸು ಹತ್ತಬೇಕಿತ್ತು, ಮತ್ತು ಗುಟ್ಟು ನನ್ನ ಜಾಯಮಾನಕ್ಕೆ ಒಗ್ಗುವುದಿಲ್ಲ. ಬಟ್ಟೆಯನ್ನೂ ನೀರಿನ ಲೋಟವನ್ನೂ ತೆಗೆದುಕೊಂಡು ಅತ್ತೆಯ ಮುಂದೆ ಕೂತೆ.

"ಅತ್ತೆ, ಆ ನೀಲಿ ಬಾಟ್ಲಿ ಬಿಡ್ಬೇಕು."

"ಯಾಕೆ? ಮಗು ಮೈಗೆ ಒರಟು ಬಟ್ಟೆ ಹಾಕ್ತೀಯಾ?" ಅತ್ತೆಯ ಹುಬ್ಬು ಗಂಟಿಕ್ಕಿತು. "ನಾನು ಒಗೆದ ಟವೆಲ್ಲು ಮುಟ್ಟಿ ನೋಡೋಕೇ ಜನ ಆ ಹೋಟೆಲಿಗೆ ಬರ್ತಿದ್ರು. ನಂಗೆ ಒಗೆಯೋದು ಕಲಿಸ್ತೀಯಾ ನೀನು?"

ನಾನು ಬಟ್ಟೆಯ ಮೇಲೆ ನೀರು ಹನಿಸಿದೆ. ಹನಿ ಉರುಳಿ ಅವರ ಪಾದದ ಮೇಲೆ ಬಿತ್ತು. ಅವರೇ ಲೋಟ ಕಿತ್ತುಕೊಂಡು ಮತ್ತೆ ಸುರಿದರು, ಮತ್ತೆ ಉರುಳಿತು. ಅತ್ತೆ ಆ ಬಟ್ಟೆಯನ್ನು ಬೆರಳುಗಳ ನಡುವೆ ಉಜ್ಜಿ, ಮೂಸಿ ನೋಡಿದರು. ಮುಖ ಬಾಡಿಹೋಯಿತು. ನನಗೆ ಅಯ್ಯೋ ಅನ್ನಿಸಿತು.

ಆಮೇಲೆ ಅವರೇ, "ಅದಕ್ಕೇ ಮತ್ತೆ," ಅಂದರು. "ಎಷ್ಟು ಒರೆಸ್ಕೊಂಡ್ರೂ ಮೈ ಒದ್ದೆನೇ ಇರುತ್ತೆ ಅಂತ ಗಿರಾಕಿಗಳು ಗೊಣಗ್ತಿದ್ರು. ದುಡ್ಡಿನ ಮದ ಅಂತ ನಾನು ಬೈಕೋತಿದ್ದೆ."

ಗಂಡ ಬಾಗಿಲ ಮರೆಯಲ್ಲಿ ಕಿಸಕ್ಕೆಂದ. ಅತ್ತೆಯೂ ನಕ್ಕರು, ಕಣ್ಣು ಮಾತ್ರ ತುಂಬಿತ್ತು. "ಸರಿ, ಬಿಸಿನೀರು ಕಾಯಿಸು," ಎಂದು ಎದ್ದರು. "ಅಂಟಿಸಿದೋಳು ನಾನು, ಬಿಡಿಸೋದೂ ನಾನೇ."

ಶುಕ್ರವಾರ, ಶನಿವಾರ ಮನೆಯೆಲ್ಲ ಆವಿ. ಸೋಪಿಲ್ಲದೆ ಬರೀ ಬಿಸಿನೀರಿನಲ್ಲಿ ತಿರುಗಿಸಿದರೂ ಬಟ್ಟೆಯಿಂದ ನೊರೆ ಬರುತ್ತಲೇ ಇತ್ತು. ನೀರು ಬಸಿದು, ಮತ್ತೆ ತುಂಬಿಸಿ, ಮತ್ತೆ ತಿರುಗಿಸಿದೆವು. ಭಾರದ ಬಕೆಟ್ಟುಗಳನ್ನು ಗಂಡ ಎತ್ತಿದ, ಹೇಳಿದ್ದು ಅತ್ತೆ, ಎದುರಾಡದೆ ಕೇಳಿದ್ದು ನಾನು. ಭಾನುವಾರದ ಬಿಸಿಲಿಗೆ ಒಣಗಿದ ಬಟ್ಟೆ ಹಪ್ಪಳದಂತೆ ಸೆಟೆದುಕೊಂಡಿತ್ತು. ಅತ್ತೆ ಒಂದೊಂದನ್ನೂ ಅಂಗೈಗಳ ನಡುವೆ ಉಜ್ಜಿ ಉಜ್ಜಿ ಮೆತ್ತಗೆ ಮಾಡಿದರು. ಚಮಚದ ನೀರು ಬಿದ್ದ ತಕ್ಷಣ ಮಾಯವಾಯಿತು.

ಸೋಮವಾರ ಮರಿಯನ್ನು ದೊಡ್ಡಕ್ಕನ ಕೈಗಿಟ್ಟು ಡಿಪೋಗೆ ಓಡಿದೆ. ಓಡಿಸುವಾಗ ಫೋನು ಮುಟ್ಟುವಂತಿಲ್ಲವಲ್ಲ, ಕಂಡಕ್ಟರ್ ಅಣ್ಣನ ಜೇಬಿಗೆ ಹಾಕಿದ್ದೆ. ಹಾಸಿಗೆ ಒದ್ದೆಯಾಗಿ ದೊಡ್ಡಕ್ಕ ಫೋನು ಮಾಡಿದರೆ ಕಥೆ ಮುಗಿದಂತೆ. ಸ್ಟಾಪು ಬಂದಾಗಲೆಲ್ಲ ಕನ್ನಡಿಯಲ್ಲಿ ಅವನ ಕಡೆ ಹುಬ್ಬು ಹಾರಿಸುತ್ತಿದ್ದೆ, ಅವನು ಇಲ್ಲವೆಂದು ತಲೆಯಾಡಿಸುತ್ತಿದ್ದ. ಮಧ್ಯಾಹ್ನ ಫೋನು ಕಿರುಚಿಯೇಬಿಟ್ಟಿತು. ಬಸ್ಸು ಸ್ಟಾಪಿನಲ್ಲೇ ಇತ್ತು, ನಾನು ಹ್ಯಾಂಡ್‌ಬ್ರೇಕ್ ಎಳೆದು ಹಿಂದೆ ತಿರುಗಿದೆ.

"ನಿನ್ನ ಗಂಡ," ಅಂದ ಕಂಡಕ್ಟರ್. "ಫೋನು ಬಂತಾ ಅಂತ ಕೇಳೋಕೆ ಫೋನು ಮಾಡಿದಾನೆ."

ಬಸ್ಸಿನವರೆಲ್ಲ ಕೇಳುವ ಹಾಗೆ ಬೈದೆ.

ಪಾಳಿ ಮುಗಿಸಿ ಹೋದಾಗ ದೊಡ್ಡಕ್ಕ ಒದ್ದೆ ಬಟ್ಟೆಯ ಚೀಲವನ್ನು ನನ್ನ ಕೈಗೆ ಹಾಕಿದರು. "ಕಲ್ಲಿನ ಹಾಗೆ ಭಾರ ಇದೆ ನೋಡು. ಹಾಸಿಗೆಗೆ ಒಂದು ಹನಿ ಬಿದ್ದಿಲ್ಲ. ನಾಳೆಯಿಂದ ದಿನಾ ಇವತ್ತು ಬೆಳಗ್ಗೆ ಬಂದ ಹೊತ್ತಿಗೇ ತಂದು ಬಿಡು." ಮರಿ ಅವರ ಸೊಂಟದ ಮೇಲೆ ಕೂತು ಅವರ ಬಳೆ ತಿರುಗಿಸುತ್ತಿತ್ತು. ನನ್ನನ್ನು ನೋಡಿ ನಕ್ಕಿತು, ಆದರೆ ಬಳೆ ಬಿಡಲಿಲ್ಲ. ಇಷ್ಟು ದಿನ ಆ ತೊಟ್ಟಿಲಿಗಾಗಿ ಹೊಡೆದಾಡಿದವಳಿಗೆ, ಗೆದ್ದರೆ ಮಗುವನ್ನು ದಿನಾ ಅದರಲ್ಲಿ ಬಿಟ್ಟು ಹೋಗಬೇಕು ಅನ್ನುವುದು ಆಗ ತಟ್ಟಿತು.

ಮರಿಯನ್ನು ಎತ್ತಿಕೊಂಡು ಬಂದಾಗ ಮನೆಯ ಬಾಗಿಲಲ್ಲೇ ಅತ್ತೆ ಕಾದು ನಿಂತಿದ್ದರು. ಹಾಸಿಗೆಯ ವಿಷಯ ಕೇಳಲಿಲ್ಲ. ನನ್ನ ಮುಖದಲ್ಲೇ ಓದಿಕೊಂಡಿರಬೇಕು.

"ಮರಿ ಅಳ್ತಾ?"

"ಇಲ್ಲ."

"ನೀನು?"

"ಅವರ ಬಾಗಿಲು ದಾಟೋ ತನಕ ತಡ್ಕೊಂಡೆ."

"ನಾನೂ ಬೆಳಗ್ಗೆ ನೀವಿಬ್ರೂ ತಿರುವು ದಾಟೋ ತನಕ ತಡ್ಕೊಂಡೆ," ಅಂದರು ಅತ್ತೆ. ಸೆರಗಿನಿಂದ ಮೂಗು ಒರೆಸಿಕೊಂಡು ಕೈ ಚಾಚಿದರು. "ಸರಿ, ಕೊಡು ಆ ಚೀಲ. ಬೆಳಗ್ಗೆಗೆ ಒಣಗ್ಬೇಕು."