ಜೋಡಿ ಇಲ್ಲದ ಜಿಪ್ಪು

ಹೆಂಡತಿ ಬಂದ ಮರುದಿನವೇ ಊರು ತೋರಿಸಬೇಕೆಂದು ಸಿದ್ದಲಿಂಗೇಶ ಎಲ್ಲವನ್ನೂ ಯೋಚಿಸಿ ಇಟ್ಟಿದ್ದ. ಆ ದಿನ ಭಾನುವಾರ ಅನ್ನುವುದೊಂದನ್ನು ಮಾತ್ರ ಮರೆತಿದ್ದ. ಜರ್ಮನಿಯಲ್ಲಿ ಭಾನುವಾರವೆಂದರೆ ಅಂಗಡಿಗಳೆಲ್ಲ ಬಾಗಿಲು ಜಡಿದುಕೊಂಡು ಕೂರುವ ದಿನ. ಡಾರ್ಮ್‌ಸ್ಟಾಟ್‌ನ ಮೇಲೆ ಜನವರಿಯ ಥಂಡಿ ಬಿದ್ದುಕೊಂಡಿತ್ತು. ಕೀರ್ತಿ ಗದಗಿನಿಂದ ತಂದದ್ದು ಎರಡು ಸ್ವೆಟರು, ಒಂದು ಶಾಲು.

"ಜಾಕೆಟ್ ಇಲ್ಲೇ ತಗೊಳ್ಳೂಣು, ಹೊತ್ಕೊಂಡ ಬರಬ್ಯಾಡ ಅಂದಿದ್ರಲಾ," ಎಂದಳು ಅವಳು.

ಸಿದ್ದಲಿಂಗೇಶ ಕಪಾಟಿನ ಮುಂದೆ ಬಹಳ ಹೊತ್ತು ನಿಂತ. ಕೊನೆಗೆ ಕೈಹಾಕಿ, ತನ್ನ ಅಂಗಿಗಳ ಹಿಂದೆ ತೂಗುಹಾಕಿದ್ದ ಒಂದು ನೀಲಿ ಕೋಟನ್ನು ಹೊರತೆಗೆದ. ಹೊಸದು. ಕೊರಳ ಹತ್ತಿರದ ಚೀಟಿಯನ್ನು ಅವಳ ಕಡೆ ಬೆನ್ನು ಮಾಡಿ ಕತ್ತರಿಸಿ ಜೇಬಿಗೆ ಹಾಕಿಕೊಂಡ.

"ಸದ್ಯಕ್ಕ ಇದನ್ನ ಹಾಕ್ಕೋ. ನಾಳಿ ಬ್ಯಾರೇದ ತರೂಣು."

ಕೋಟು ಬೆಚ್ಚಗಿತ್ತು, ಅದಕ್ಕೆ ಹೆಸರಿಡುವಂತಿರಲಿಲ್ಲ. ಆದರೆ ಎದೆಯ ಮೇಲೆ ಅದರ ಹೊಲಿಗೆಯ ಬಗೆಯೇ ಬೇರೆ. ನಡುವೆ ಎಲ್ಲ ಕೋಟಿಗೂ ಇರುವ ಜಿಪ್ಪು ಇತ್ತು. ಅದರ ಮಗ್ಗುಲಲ್ಲಿ ಇನ್ನೊಂದು ಜಿಪ್ಪಿನ ಹಲ್ಲಿನ ಸಾಲು, ಅದಕ್ಕೆ ಎದುರು ಜೋಡಿಯೇ ಇಲ್ಲ.

"ಇದೇನ್ರೀ, ಇದಕ್ಕ ಜೋಡೀನ ಇಲ್ಲ?"

"ಇಲ್ಲಿ ಕೋಟು ಹಂಗ ಇರ್ತಾವ," ಎಂದು ಅವನು ಬೂಟಿನ ಲೇಸು ಕಟ್ಟುತ್ತ ಕೂತುಬಿಟ್ಟ.

ಕೀರ್ತಿಗೆ ಕೋಟಿನ ಚಿಂತೆ ಇರಲಿಲ್ಲ. ಊರು ನೋಡುವ ಉಮೇದೂ ಇರಲಿಲ್ಲ. ಅವಳು ಇಷ್ಟು ದೂರ ಬಂದದ್ದು ಗಂಡನ ಹತ್ತಿರ ಒಂದು ಮಾತು ಕೇಳಬೇಕೆಂದು. ಅದನ್ನು ಇವತ್ತೇ ಕೇಳುವುದು ಎಂದು ವಿಮಾನದಲ್ಲೇ ನಿಶ್ಚಯ ಮಾಡಿಕೊಂಡಿದ್ದಳು.

ಹೋದ ಶ್ರಾವಣದಲ್ಲಿ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಅವಳಿಗೆ ಹೆರಿಗೆಯಾಗಿತ್ತು. ದಿನ ತುಂಬಿದ್ದ ಹೆಣ್ಣು ಕೂಸು. ಅಳಲಿಲ್ಲ. ಆಪರೇಷನ್ನಿನ ಮಂಪರು ಇಳಿದು ಅವಳು ಕಣ್ಣು ಬಿಡುವಷ್ಟರಲ್ಲಿ ಮಣ್ಣೂ ಆಗಿಹೋಗಿತ್ತು. ನೋಡಿದರೆ ಹಚ್ಚಿಕೊಳ್ಳುತ್ತಾಳೆ, ತೋರಿಸುವುದು ಬೇಡ ಎಂದು ಹಿರಿಯರು ತಾವೇ ತೀರ್ಮಾನ ಮಾಡಿಬಿಟ್ಟಿದ್ದರು. ಒಂಬತ್ತು ತಿಂಗಳು ಹೊಟ್ಟೆಯಲ್ಲಿ ಇಟ್ಟುಕೊಂಡವಳು ಇನ್ನೂ ಹಚ್ಚಿಕೊಂಡಿರಲಿಲ್ಲ ಎಂದು ಅವರಿಗೆ ಯಾರು ಹೇಳಿದ್ದರೋ! ಕೂಸಿಗೆ ನೀರು ಹಾಕಿದವಳು ಸಿದ್ದಲಿಂಗೇಶನ ಸೋದರತ್ತೆ ಮಹಾಂತಮ್ಮ. ಕಾಡಿ ಬೇಡಿದ ಮೇಲೆ ಆಕೆ, "ತಲೀ ತುಂಬ ಕೂದಲಿತ್ತವಾ. ನಿನ್ನ ಕುಬಸದ ಹಸರ ಸೀರೀನ ಹರದು ಸುತ್ತಿದ್ವಿ," ಎಂದಷ್ಟೇ ಹೇಳಿ, ಸೆರಗು ಬಾಯಿಗೆ ಒತ್ತಿಕೊಂಡು ಎದ್ದುಹೋಗಿದ್ದಳು. ಸೀಮಂತದಲ್ಲಿ ಉಡಿಸಿದ್ದ ಸೀರೆ ಅದು. ಉಳಿದವರೆಲ್ಲ ಮರೆತುಬಿಡು ಎನ್ನುವವರೇ.

ಆದರೆ ಮಣ್ಣಿಗೆ ಒಯ್ಯುವ ಮುಂಚೆ ಭಾವ ಮಹೇಶಕುಮಾರ ವಿಡಿಯೋ ಕಾಲ್ ಮಾಡಿ, ಜರ್ಮನಿಯಲ್ಲಿದ್ದ ತಮ್ಮನಿಗೆ ಕೂಸಿನ ಮುಖ ತೋರಿಸಿದ್ದ. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಮೂರನೆಯ ದಿನ ಸಿದ್ದಲಿಂಗೇಶ ಓಡಿಬಂದಾಗ ಅವಳು ಬಾಣಂತಿ ಕೋಣೆಯಲ್ಲಿ, ಅವನು ಗಂಡಸರ ಜೊತೆ ಪಡಸಾಲೆಯಲ್ಲಿ. ಇವಳು ಬಾಯಿ ತೆರೆದಾಗಲೆಲ್ಲ ಯಾರೋ ಒಬ್ಬರು ಗಂಜಿಯೋ ಕಷಾಯವೋ ಹಿಡಿದು ಒಳಗೆ ಬರುತ್ತಿದ್ದರು. ಆಮೇಲೆ ಫೋನಿನಲ್ಲಿ ಕೇಳಹೊರಟರೆ ಅವನಿಗೆ ಮೀಟಿಂಗು. ಮಗಳ ಮೂಗು ಹೇಗಿತ್ತು, ಹಣೆ ಹೇಗಿತ್ತು, ಯಾರ ಹಾಗಿದ್ದಳು? ಇದಿಷ್ಟು ತಿಳಿದರೆ ಕಣ್ಣು ಮುಚ್ಚಿದಾಗ ನೋಡಿಕೊಳ್ಳುವುದಕ್ಕೆ ಒಂದು ಮುಖವಾದರೂ ಇರುತ್ತಿತ್ತು.

ಟ್ರಾಮ್ ಹಿಡಿದು ಲೂಯಿಸನ್‌ಪ್ಲಾಟ್ಸ್‌ಗೆ ಬಂದಿಳಿದರು. ಊರ ನಡುಮಧ್ಯದ ಚೌಕ. ನಡುವೆ ಒಂದು ಎತ್ತರದ ಕಂಬ, ಅದರ ತುದಿಯಲ್ಲಿ ಒಬ್ಬ ದೊರೆ. ಕೆಳಗೆ ನಾಲ್ಕು ಪಾರಿವಾಳ, ಸೈಕಲ್ ತಳ್ಳುತ್ತ ಹೊರಟ ಒಬ್ಬ ಮುದುಕ.

"ಇಷ್ಟು ದೊಡ್ಡ ಊರಾಗ ಮಂದಿ ಎಲ್ಲಿ ಹೋಗ್ಯಾರ್ರೀ?"

"ಸಂಡೇ ಅಲ್ಲಾ, ಎಲ್ಲಾರೂ ಮನ್ಯಾಗ. ಈ ಕಂಬ ನೋಡಿಲ್ಲಿ, ಒಳಗ ಮೆಟ್ಟಿಲ ಅದಾವ. ಮ್ಯಾಲ ನಿಂತಾನಲಾ..." ಎಂದು ಅವನು ಶುರು ಮಾಡಿದ.

ಸಿದ್ದಲಿಂಗೇಶ ಮಾತಿನ ಮನುಷ್ಯನಲ್ಲ. ಮದುವೆಗೆ ಹೆಣ್ಣು ನೋಡಲು ಬಂದಾಗ ಅವನು ಆಡಿದ್ದು "ಚಹಾ ಚಲೋ ಆಗೇತಿ" ಎಂಬ ಒಂದೇ ಮಾತು. ಕಾರಿನ ಬ್ರೇಕುಗಳನ್ನು ಪರೀಕ್ಷಿಸುವ ಕೆಲಸ ಅವನದು, ಅಲ್ಲಿ ಮಾತಿನ ಅಗತ್ಯವೂ ಇರಲಿಕ್ಕಿಲ್ಲ. ಅಂಥವನು ಇವತ್ತು ಗೈಡುಗಳನ್ನೂ ಮೀರಿಸಿದ್ದ. ಕಂಬ ಮುಗಿದರೆ ಅರಮನೆ, ಅರಮನೆ ಮುಗಿದರೆ ಯೂನಿವರ್ಸಿಟಿ. ಉಸಿರು ತೆಗೆದುಕೊಳ್ಳಲೂ ಅವನು ನಿಲ್ಲುತ್ತಿರಲಿಲ್ಲ. ಯಾತಕ್ಕೆ ಎಂದು ಅವಳಿಗೆ ಗೊತ್ತಿತ್ತು. ಮಾತು ನಿಂತಲ್ಲಿ ಕೂಸು ಬಂದು ನಿಲ್ಲುತ್ತದೆ ಎಂಬ ಹೆದರಿಕೆ.

"ನಿಮಗೊಂದ ಮಾತ ಕೇಳ್ಬೇಕಾಗಿತ್ತರೀ," ಎಂದಳು, ಗುಡ್ಡದ ಏರು ಹತ್ತುವಾಗ.

"ಮೊದ್ಲ ಮ್ಯಾಲ ಹೋಗೂಣು. ಅಲ್ಲಿಂದ ಇಡೀ ಊರು ಕಾಣಸ್ತದ."

ಗುಡ್ಡದ ಮೇಲಿನ ಇಟ್ಟಿಗೆಯ ಗೋಪುರ ಮೇಲೆತ್ತಿದ ಹಸ್ತದ ಹಾಗಿತ್ತು, ತುದಿಯಲ್ಲಿ ಐದು ಬೆರಳು. ಅದಕ್ಕೆ ಮದುವೆಯ ಗೋಪುರ ಅಂತಲೇ ಹೆಸರು, ಈಗಲೂ ಜನ ಅದರೊಳಗೆ ಮದುವೆ ರಿಜಿಸ್ಟರ್ ಮಾಡಿಸುತ್ತಾರೆ ಎಂದು ಅವನು ವಿವರಿಸಿದ. ಗಾಳಿ ಮೋರೆಗೆ ಬಡಿಯುತ್ತಿತ್ತು. ಪಕ್ಕದ ತೋಪಿನಲ್ಲಿ ಮರಗಳ ಕೊಂಬೆಯನ್ನೆಲ್ಲ ಕಡಿದು ಬೋಳು ಮಾಡಿದ್ದರು. ಕೀರ್ತಿ ಗೋಪುರ ನೋಡಲಿಲ್ಲ, ಅವನ ಮೋರೆ ನೋಡಿದಳು. ಮೂಗಿನ ತುದಿ ಕೆಂಪಾಗಿತ್ತು. ಈ ಆರು ತಿಂಗಳಲ್ಲಿ ಅವನು ಎಷ್ಟು ಸೊರಗಿದ್ದಾನೆ ಎಂಬುದು ಆಗ ಅವಳ ಕಣ್ಣಿಗೆ ಬಿತ್ತು. ಪಾಪ ಅನಿಸಿತು. ಸಿಟ್ಟೂ ಬಂತು.

"ಒಳಗೆಲ್ಲರ ಕೂಡೂಣು ನಡ್ರಿ. ಕಾಲು ನನ್ನವೋ ಯಾರವೋ ತಿಳೀವಲ್ದು," ಎಂದಳು.

ಇಳಿದು ಬಂದ ದಾರಿಯಲ್ಲೇ ಒಂದು ಬೇಕರಿ ಮಾತ್ರ ತೆರೆದಿತ್ತು. ಅವನು ಕಾಫಿ ತಂದಿಟ್ಟ. ಅವಳು ಕೈ ಬೆಚ್ಚಗೆ ಮಾಡಿಕೊಳ್ಳುತ್ತ ತಲೆಯೆತ್ತುವುದಕ್ಕೂ, ಬಾಗಿಲು ತಳ್ಳಿಕೊಂಡು ಎಳೆಯ ಪ್ರಾಯದ ಒಬ್ಬ ಜರ್ಮನ್ ಹೆಂಗಸು ಒಳಗೆ ಬರುವುದಕ್ಕೂ ಸರಿಹೋಯಿತು. ಆಕೆ ತೊಟ್ಟದ್ದು ಅದೇ ನೀಲಿ ಕೋಟು. ಆದರೆ ಎದೆಯ ಮೇಲೆ ಇನ್ನೊಂದು ಅಗಲವಾದ ಪಟ್ಟಿ ಸೇರಿಸಿ ಎರಡೂ ಕಡೆ ಜಿಪ್ಪು ಎಳೆದುಕೊಂಡಿದ್ದಳು. ಆ ಪಟ್ಟಿಯ ಮೇಲಿನಿಂದ ಉಣ್ಣೆಯ ಟೋಪಿ ಹಾಕಿದ ಒಂದು ಪುಟ್ಟ ತಲೆ ಹೊರಗೆ ಇಣುಕಿತ್ತು. ಕೂಸು ತಾಯಿಯ ಕೋಟಿನೊಳಗೇ ನಿದ್ದೆ ಹೋಗಿತ್ತು.

ಕೀರ್ತಿಯ ಕೈ ತಾನಾಗಿ ಎದೆಗೆ ಬಂತು. ಜೋಡಿ ಇಲ್ಲದ ಆ ಹಲ್ಲಿನ ಸಾಲಿನ ಮೇಲೆ ಬೆರಳು ಆಡಿತು.

ಸಿದ್ದಲಿಂಗೇಶ ಅದನ್ನು ನೋಡಿದ. ಬೆಳಗಿನಿಂದ ನಿಲ್ಲದಿದ್ದ ಮಾತು ಅಲ್ಲಿಗೆ ನಿಂತಿತು.

"ಯಾವಾಗ ತಂದಿದ್ರಿ?"

"ನಿನಗ ಐದು ತಿಂಗಳಿತ್ತು ಆಗ. ಥಂಡಿ ಮುಗಿಯೂ ಹೊತ್ತು, ಸೇಲ್ ಹಾಕಿದ್ರು. ಮುಂದಿನ ಥಂಡ್ಯಾಗ ಇಬ್ರೂ ಬರ್ತೀರಿ ಅಂತ..." ಅವನು ಕಪ್ಪನ್ನು ತಿರುಗಿಸಿದ. "ಹುಟ್ಟೂಕಿಂತ ಮೊದ್ಲ ಕೂಸಿಗೆ ಏನೂ ತರಬಾರದು ಅಂತ ಅವ್ವ ನೂರು ಸಲ ಹೇಳಿದ್ಲು. ಇದು ಕೂಸಿಂದಲ್ಲ, ಕೀರ್ತೀದು ಅಂತ ನನಗ ನಾನ ಹೇಳ್ಕೊಂಡ್ನಿ. ನನ್ನಿಂದ್ಲೇ ಹಿಂಗಾತೇನೋ ಅಂತ..."

"ಸುಮ್ನಿರ್ರಿ. ಕೋಟಿನಿಂದ ಯಾರರ ಸಾಯ್ತಾರ?"

ಒಳಗೊಳಗೇ ಅವಳಿಗೆ ಅಳು ಉಕ್ಕಿತು. ತಾನು ಗದಗಿನಲ್ಲಿ ಒಬ್ಬಳೇ ಕಾಯುತ್ತಿದ್ದೆ ಅಂದುಕೊಂಡಿದ್ದಳು. ಇಲ್ಲಿ ಇವನೂ ಕಪಾಟಿನಲ್ಲಿ ಜಾಗ ಮಾಡಿ ಕಾದಿದ್ದ. ಅಳು ನುಂಗಿಕೊಂಡು, ಕೇಳಬೇಕಾದದ್ದನ್ನು ಈಗ ಕೇಳಿಯೇಬಿಟ್ಟಳು.

"ಆಕಿ ಹೆಂಗಿದ್ಲರೀ? ನೀವು ನೋಡೀರಲಾ. ನನಗ ಹೇಳ್ರಿ."

ಅವನ ಮುಖದ ಬಣ್ಣವೇ ಇಳಿದುಹೋಯಿತು.

"ಚಂದ ಇದ್ಲು," ಎಂದ. "ಮೂಗು ನಿನ್ನ ಹಂಗ. ಹಣಿ ಅಗಲ, ನಮ್ಮ ಅವ್ವಂದು."

"ಮತ್ತ?"

"ಮಲಗಿದಂಗ ಇದ್ಲು. ತಲೀ ಮ್ಯಾಲ ಕೂದಲ ಇರಲಿಲ್ಲ, ನುಣ್ಣಗಿತ್ತು."

ಮಹಾಂತಮ್ಮ ಕೀರ್ತಿಗೆ ಹೇಳಿದ್ದು ತಲೆ ತುಂಬ ಕೂದಲೆಂದು. ಇರಲಿ, ಫೋನಿನಲ್ಲಿ ಸರಿಯಾಗಿ ಕಂಡಿರಲಿಕ್ಕಿಲ್ಲ ಎಂದು ಮನಸ್ಸಿಗೆ ಹೇಳಿಕೊಂಡಳು. ಕೇಳಬಾರದಿತ್ತು, ಆದರೂ ಕೇಳಿದಳು.

"ಯಾತರಾಗ ಸುತ್ತಿದ್ರು?"

"ಬಿಳೀ ಅರಿವ್ಯಾಗ. ಆಸ್ಪತ್ರೀದು."

ಅವನೂ ನೋಡಿರಲಿಲ್ಲ. ಅಣ್ಣ ಅತ್ತ ಫೋನು ಹಿಡಿದು ನಿಂತಿದ್ದಾಗ ಇವನು ಇತ್ತ ಕಣ್ಣು ಮುಚ್ಚಿಕೊಂಡಿರಬೇಕು, ಇಲ್ಲವೇ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿರಬೇಕು. ತನಗೆ ಯಾರೂ ತೋರಿಸಲಿಲ್ಲ, ಇವನಿಗೆ ತೋರಿಸಿದರೂ ನೋಡಲಿಲ್ಲ! ಕಪ್ಪು ಎತ್ತಿ ಅವನ ಮೋರೆಗೆ ಎರಚಿಬಿಡುವಷ್ಟು ಸಿಟ್ಟು ಬಂತು ಅವಳಿಗೆ. ಇಷ್ಟು ದಿನ ಬದುಕಿಸಿಟ್ಟಿದ್ದ ಆಸೆ ಒಂದು ಬಿಳಿ ಅರಿವೆಯ ಮಾತಿನಲ್ಲಿ ಮುಗಿದುಹೋಗಿತ್ತು.

ಅವನು ನಿಲ್ಲಿಸಿರಲಿಲ್ಲ. "ಕೈಬೆರಳು ಉದ್ದ ಇದ್ದುವು," ಎನ್ನುತ್ತಿದ್ದ. "ಗದ್ದದಾಗ ಸಣ್ಣ ಗುಣಿ ಇತ್ತು." ಹೇಳುತ್ತ ಹೇಳುತ್ತ ಅವನ ದನಿ ಮೆತ್ತಗಾಗಿತ್ತು, ಕಣ್ಣು ತುಂಬಿದ್ದವು. ಹಗಲು ರಾತ್ರಿ ಕೂತು ಕಲ್ಪಿಸಿಕೊಂಡಿದ್ದನ್ನೇ ಹೇಳುತ್ತಿದ್ದಾನೆ ಎಂದು ಕೀರ್ತಿಗೆ ತಿಳಿಯಿತು. ಅವಳು ನಡುವೆ ಬಾಯಿ ಹಾಕಲಿಲ್ಲ. ಹುಟ್ಟಿದಂದಿನಿಂದ ಆ ಕೂಸಿನ ಬಗ್ಗೆ ಇಷ್ಟು ಮಾತು ಯಾರೂ ಆಡಿರಲಿಲ್ಲ. ಎದುರಿನ ಮೇಜಿನಲ್ಲಿ ಆ ಹೆಂಗಸು ಬ್ರೆಡ್ಡು ಮುರಿದು ತಿನ್ನುತ್ತ, ಕೂಸಿನ ಟೋಪಿಯ ಮೇಲೆ ಬಿದ್ದ ಚೂರುಗಳನ್ನು ಕೊಡವುತ್ತಿದ್ದಳು.

ಹೊರಗೆ ಬಂದಾಗ ಆಗಲೇ ಮಬ್ಬು ಕವಿಯುತ್ತಿತ್ತು. ಟ್ರಾಮ್ ಸ್ಟಾಪಿನಲ್ಲಿ ಅವರಿಬ್ಬರ ಹೊರತು ಯಾರೂ ಇರಲಿಲ್ಲ. ಅವನು ಅವಳ ಕೋಟಿನ ಜಿಪ್ಪನ್ನು ಗದ್ದದ ತನಕ ಎಳೆದ.

"ಕೂದಲ ಇತ್ತರೀ," ಎಂದಳು ಕೀರ್ತಿ. ಅವಳ ದನಿಯಲ್ಲಿ ಸಿಟ್ಟು ಉಳಿದಿರಲಿಲ್ಲ. "ತಲೀ ತುಂಬ ಇತ್ತಂತ. ಹಸರ ಸೀರ್ಯಾಗ ಸುತ್ತಿದ್ರಂತ, ನನ್ನ ಕುಬಸದ್ದು. ಮಹಾಂತಮ್ಮತ್ತಿ ಹೇಳಿದ್ರು."

ಜಿಪ್ಪು ಹಿಡಿದ ಅವನ ಕೈ ಅಲ್ಲೇ ನಿಂತಿತು. ತಪ್ಪಾಯಿತು ಅನ್ನುತ್ತಾನೆ, ಏನಾದರೂ ಸಬೂಬು ಹೇಳುತ್ತಾನೆ ಎಂದು ಅವಳು ಕಾದಳು. ಟ್ರಾಮಿನ ದೀಪ ದೂರದ ತಿರುವಿನಲ್ಲಿ ಕಂಡಿತು.

"ಎಷ್ಟ ಉದ್ದ ಇತ್ತಂತ?" ಎಂದು ಕೇಳಿದ ಅವನು.

ಕೀರ್ತಿ ಅವನ ಮುಖ ನೋಡಿದಳು. ಬೆಳಗಿನಿಂದ ತನ್ನ ಕಣ್ಣಲ್ಲಿದ್ದ ಹಸಿವೇ ಅಲ್ಲಿತ್ತು.

"ಅದನ್ನ ನಾ ಕೇಳಲಿಲ್ಲರೀ," ಎಂದಳು.