ವಾರ್ತೆ ಅತ್ತೆ

ಬಿಸಿ ಉರುಳೆಗಳ ನಡುವಿನಿಂದ ಶೀಟು ನಾಲಿಗೆಯ ಹಾಗೆ ಚಾಚಿಕೊಂಡು ಬರುತ್ತಿದೆ, ಬೆಳ್ಳಗೆ, ಒಂದೂ ಸುಕ್ಕಿಲ್ಲದೆ, ಯಂತ್ರವೇ ಅದನ್ನು ಮಡಿಸಿ, ತಿರುಗಿಸಿ, ಮತ್ತೆ ಮಡಿಸಿ ನನ್ನ ಮುಂದೆ ಇಡುತ್ತದೆ, ಎತ್ತಿ ತಳ್ಳುಗಾಡಿಗೆ ಹಾಕುವುದಷ್ಟೇ ಈಗ ನನ್ನ ಕೆಲಸ — ಮೇಲಿನ ಮಹಡಿಗಳಲ್ಲಿ ಯಾರು ಯಾರು ಮಲಗಿ ಎದ್ದರೋ, ಹೋಟೆಲಿನ ನಿದ್ದೆಯೆಲ್ಲ ಈ ನೆಲಮಾಳಿಗೆಗೆ ಇಳಿದು ಒಗೆಸಿಕೊಂಡು ಹೋಗುತ್ತದೆ — ಮೊದಲು ಆ ತುದಿಯಲ್ಲಿ ಅವಳಿದ್ದಳು, ನನ್ನ ಜೊತೆಯವಳು, ಅವಳೆರಡು ಮೂಲೆ ನಾನೆರಡು ಮೂಲೆ ಹಿಡಿದು ಒಬ್ಬರತ್ತ ಒಬ್ಬರು ನಡೆದು ಬರುತ್ತಿದ್ದೆವು, ಮೂಲೆ ಸೇರಿಸುವಾಗ ಬೆರಳಿಗೆ ಬೆರಳು ತಾಗುತ್ತಿತ್ತು, ಏನೇ, ಪ್ರಪಂಚ ಎದ್ದಿದೆಯೋ ಇನ್ನೂ ಮಲಗಿದೆಯೋ ಅಂತ ಕೇಳುತ್ತಿದ್ದಳು, ನಾನು ಬೆಳಗಿನ ಸುದ್ದಿ ಹೇಳುತ್ತಿದ್ದೆ, ಅಲ್ಲಿ ಸರ್ಕಾರ ಬಿತ್ತಂತೆ, ಇಲ್ಲಿ ಹೊಸ ಕಾನೂನಂತೆ, ಎಲ್ಲದಕ್ಕೂ ಅವಳದು ಒಂದೇ ಉತ್ತರ, ಹೋಗ್ಲಿ ಬಿಡೇ, ನಮ್ಮ ಶೀಟಿಗೆ ಕಲೆಯಾಗದಿದ್ರೆ ಸಾಕು. ಯಂತ್ರ ಬಂದ ಮೇಲೆ ಅವಳನ್ನು ಬೇರೆ ಕಡೆ ಹಾಕ್ತೀವಿ ಅಂದರು ಮೇಲ್ವಿಚಾರಕರು, ಆ ಬೇರೆ ಕಡೆ ಅವಳ ಮನೆಯೇ ಆಯಿತು. ಮನೆಯವರ ಗ್ರೂಪಿನಲ್ಲಿ ಅದನ್ನೂ ಬರೆದಿದ್ದೆ, ನ್ಯಾಯವಾಗಿಯೇ ಬರೆದೆ ಅಂದುಕೊಂಡಿದ್ದೇನೆ, ಯಂತ್ರದಿಂದ ಬೆನ್ನುನೋವು ಕಡಿಮೆಯಾಗಿದೆ, ಮಾತೂ ಕಡಿಮೆಯಾಗಿದೆ ಅಂತ, ಒಬ್ಬರೂ ಹ್ಞೂಂ ಅನ್ನಲಿಲ್ಲ, ಕೆಲಸದಲ್ಲಿರಬೇಕು, ಎಲ್ಲರಿಗೂ ಅವರವರ ಕೆಲಸ ಅಂದುಕೊಂಡೆ, ಎಂಥ ದಡ್ಡಿ.

ಯಾಕೆಂದರೆ ಆ ಗ್ರೂಪಿನಲ್ಲಿ ಆಗಲೇ ಯಾರೂ ಇರಲಿಲ್ಲ, ಹೆಸರುಗಳಿದ್ದವು, ಜನ ಇರಲಿಲ್ಲ, ಇದು ಗೊತ್ತಾದದ್ದು ಇವತ್ತು ಮಧ್ಯಾಹ್ನ, ಅತ್ತಿಗೆ ಫೋನಿನಲ್ಲಿ ಮಾತಿನ ಭರದಲ್ಲಿ ಅಂದರು, ಮಗು ಫೋಟೋ ನೋಡಿದ್ಯಲ್ಲಾ, ಥೇಟ್ ನಿಮ್ಮಣ್ಣನ ಮೂಗು, ನಾನಂದೆ ಯಾವ ಮಗು ಅತ್ತಿಗೆ, ಆ ಕಡೆಯಿಂದ ಅಯ್ಯೋ, ನೀನು ಆ ಗ್ರೂಪಲ್ಲಿಲ್ಲ ಅಲ್ವಾ. ಅಣ್ಣನ ಮಗನಿಗೆ ಮಗು ಹುಟ್ಟಿ ಹೆಸರೂ ಇಟ್ಟಾಗಿದೆ, ಬೇರೆ ಗ್ರೂಪಿನಲ್ಲಿ, ನನ್ನೊಬ್ಬಳನ್ನು ಬಿಟ್ಟು ಎಲ್ಲರೂ ಇರುವ ಗ್ರೂಪಿನಲ್ಲಿ, ನಾನು ಮಾತ್ರ ಖಾಲಿ ಮನೆಯ ಬಾಗಿಲಿಗೆ ದಿನಾ ಪೇಪರು ಎಸೆದು ಹೋಗುವವಳ ಹಾಗೆ ಹಳೆಯದರಲ್ಲಿ ಬರೆಯುತ್ತಲೇ ಇದ್ದೆ, ಬಸ್ಸಿನಲ್ಲಿ ಕೂತು, ಓದಿ, ಯೋಚಿಸಿ, ತಿದ್ದಿ — ಮಂತ್ರಿ ಪ್ರಶ್ನೆಗೆ ಉತ್ತರಿಸುವ ಬದಲು ಪದ್ಯ ಓದಿದರು, ಪದ್ಯ ಚೆನ್ನಾಗಿತ್ತು, ಪ್ರಶ್ನೆ ಹಾಗೇ ಇದೆ, ಅಂತ ಒಂದು ದಿನ, ತೀರಿಕೊಂಡ ನಟನ ಮುಖವನ್ನು ಕಂಪ್ಯೂಟರಿನಲ್ಲಿ ಎಬ್ಬಿಸಿ ಹೊಸ ಸಿನಿಮಾದಲ್ಲಿ ಕುಣಿಸುತ್ತಾರಂತೆ, ಅವನ ಹೆಂಡತಿಯನ್ನು ಯಾರಾದರೂ ಕೇಳಿದರೇ, ಅಂತ ಇನ್ನೊಂದು ದಿನ. ಇದಿಷ್ಟಕ್ಕೇ ಆಗಿದ್ದರೆ ನನ್ನನ್ನು ಕೈಬಿಡುತ್ತಿರಲಿಲ್ಲವೇನೋ, ಅವರು ಕಳಿಸಿದ್ದನ್ನೆಲ್ಲ ತಿದ್ದುತ್ತಿದ್ದೆನಲ್ಲ, ಸಂಜೆ ಕಾಲೇಜಿನ ಮೇಷ್ಟ್ರು ಕಲಿಸಿದ್ದು, ಯಾವುದೇ ಮಾತು ಕಿವಿಗೆ ಬಿದ್ದರೆ ಕೇಳಿ, ಯಾರು ಹೇಳಿದರು, ಅವರಿಗೆ ಹೇಗೆ ಗೊತ್ತು, ಹೇಳಿದ್ದರಿಂದ ಅವರಿಗೇನು ಲಾಭ, ನಾನು ಕೇಳಿದೆ, ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರ ನಡುವೆ ಕೂತು ಕೇಳಿದೆ. ಅಣ್ಣನ ಮಗ ವಾರ್ತೆ ಅತ್ತೆ ಅಂತ ಹೆಸರಿಟ್ಟ, ಈಗ ವಾರ್ತೆಗಳು, ಓದುತ್ತಿರುವವರು ನಮ್ಮತ್ತೆ, ಮೊದಮೊದಲು ನಾನೂ ನಕ್ಕೆ. ಒಮ್ಮೆ ಪರೀಕ್ಷೆ ಮುಂದೆ ಹೋಗಿದೆ ಅನ್ನುವ ಸುದ್ದಿ ಸುಳ್ಳು ಅಂತ ಬರೆದುಬಿಟ್ಟಿದ್ದೆ, ಅದು ನಿಜವಾಗಿತ್ತು, ಅಣ್ಣನ ಮಗಳು ಬೀಗ ಹಾಕಿದ ಶಾಲೆಯ ಮುಂದೆ ನಿಂತು ಬಂದಳು, ಅವತ್ತು ಅಣ್ಣ ಎಲ್ಲರೆದುರಿಗೆ ಅಂದ, ಹೋಟೆಲ್ ಶೀಟು ಮಡಿಸೋಳು ಪ್ರಪಂಚದ ಸುಕ್ಕು ತೆಗೆಯೋಕೆ ಹೊರಟಳು. ಮಾತು ಚೆನ್ನಾಗಿತ್ತು. ಅದೇ ನೋವು, ಮಾತು ಚೆನ್ನಾಗಿತ್ತು.

ಸೇರಿಸ್ತೀನಿ, ಅಂದರು ಅತ್ತಿಗೆ, ಪಾಪ ಅನ್ನಿಸಿರಬೇಕು, ಆದ್ರೆ ಒಂದು ಮಾತು, ಸುಮ್ನೆ ನೋಡ್ಕೊಂಡಿರು, ಏನೂ ಬರೀಬೇಡ, ಬರೆದ್ರೆ ನಿಮ್ಮಣ್ಣ ನನ್ನ ತಲೆ ತಿಂತಾರೆ. ಆಯ್ತು ಅತ್ತಿಗೆ, ಬಾಯಿಗೆ ಬೀಗ ಹಾಕ್ಕೊಂಡಿರ್ತೀನಿ, ಅಂದೆ, ನಿಜವಾಗಿಯೂ ಹಾಗೇ ಅಂದುಕೊಂಡಿದ್ದೆ — ಸೋಪಿನ ಡಬ್ಬಗಳ ಹಿಂದೆ ನಿಂತು ಮಗುವನ್ನು ನೋಡಿದೆ, ಮುಷ್ಟಿ ಕಟ್ಟಿದೆ, ಮೂಗು ಅಣ್ಣನದೇ, ಬೆರಳಿನಿಂದ ದೊಡ್ಡದು ಮಾಡಿ ಮಾಡಿ ನೋಡಿದೆ, ಕೆನ್ನೆ ಇಷ್ಟಗಲ ಆಗುವಷ್ಟು, ಅದರ ಕೆಳಗೆ ತಮಾಷೆ, ಅದರ ಕೆಳಗೆ ಶುಭಾಶಯ, ಅದರ ಕೆಳಗೆ ಆ ವಿಡಿಯೊ. ಟಿವಿಯಲ್ಲಿ ಬರುವ ಹೆಸರಾಂತ ಹೃದ್ರೋಗದ ಡಾಕ್ಟರು, ಬಿಳಿ ಕೋಟು, ಹೇಳುತ್ತಾರೆ, ರಕ್ತ ತೆಳುವಾಗೋ ಮಾತ್ರೆ ವಿಷ, ಇವತ್ತೇ ನಿಲ್ಲಿಸಿ, ನಾವು ಮಾರುವ ಈ ಬೀಜದ ಪುಡಿ ಸಾಕು, ತುಟಿ ಒಂದು ಕಡೆ ಮಾತು ಒಂದು ಕಡೆ, ಕಣ್ಣು ರೆಪ್ಪೆ ಬಡಿಯುವುದೇ ಇಲ್ಲ, ಸತ್ತ ನಟನ ಹಾಗೆ ಇವರನ್ನೂ ಕುಣಿಸಿದ್ದಾರೆ, ಪಾಪ ಇವರು ಬದುಕಿದ್ದಾರೆ, ನನ್ನ ಮುಖ ಕದ್ದಿದ್ದಾರೆ ನಂಬಬೇಡಿ ಅಂತ ಹೋದ ವಾರವೇ ಹೇಳಿದ್ದಾರೆ, ಹುಡುಕಿದೆ, ಇದೆ. ವಿಡಿಯೊದ ಕೆಳಗೆ ಅಣ್ಣ ಬರೆದಿದ್ದಾನೆ, ಇವತ್ತಿಂದ ನಂದೂ ಮಾತ್ರೆ ಬಂದ್. ಹೃದಯದ ರಕ್ತನಾಳಕ್ಕೆ ಸ್ಟೆಂಟು ಹಾಕಿಸಿಕೊಂಡು ಇನ್ನೂ ಒಂದು ಮಳೆಗಾಲ ಕಳೆದಿಲ್ಲ, ಒಂದು ಹೊತ್ತೂ ತಪ್ಪಿಸಬಾರದು ಅಂತ ಆಸ್ಪತ್ರೆಯ ಡಾಕ್ಟರು ನನ್ನೆದುರಿಗೇ ಹೇಳಿದ್ದು, ಅಣ್ಣನ ಸಾಲಿನ ಕೆಳಗೆ ಎಲ್ಲರ ಹೆಬ್ಬೆರಳು, ಹಳದಿ, ಮೇಲಕ್ಕೆತ್ತಿದ್ದು, ಸಾಲಾಗಿ, ತಮ್ಮಂದಿರದು, ಅಣ್ಣನ ಮಗನದು, ಒಂದರ ಪಕ್ಕ ಒಂದು, ಯಾರೂ ತಡೆಯಲಿಲ್ಲ, ಬರಿಯ ಹೆಬ್ಬೆರಳು.

ಅತ್ತಿಗೆಗೆ ಮತ್ತೆ ಫೋನು ಮಾಡಿದೆ, ಯಂತ್ರದ ಸದ್ದಿನಲ್ಲಿ ಕೂಗಿಯೇ ಹೇಳಬೇಕಾಯಿತು, ಅತ್ತಿಗೆ, ಅದು ನಕಲಿ, ನಿಜವಾದ ಡಾಕ್ಟರೇ ಹೇಳಿದ್ದಾರೆ, ಅತ್ತಿಗೆ ಅಂದರು, ಗೊತ್ತು ಕಣೇ ನಂಗೂ ಏನೋ ಸರಿ ಅನ್ಸಲ್ಲ, ನಾನು ಹೇಳಿದ್ರೆ ಕೇಳಲ್ಲ, ನೀನು ಹೇಳಿದ್ರಂತೂ ಹಟಕ್ಕೆ ಮಾತ್ರೆ ಬಿಡ್ತಾರೆ, ನಿನ್ನ ಹೆಸರು ತೆಗೆದ್ರೇ ಸಾಕು, ಮಾತ್ರೆಗೂ ನಿಂಗೂ ಒಟ್ಟಿಗೆ ಬೈತಾರೆ, ಬಂದ್ರು ಬಂದ್ರು, ಇಡ್ತೀನಿ. ಹಾಗಾದರೆ ನಾನು ನಿಜ ಹೇಳಿದರೆ ಅದೇ ಸುಳ್ಳಿಗೆ ಬಲ, ನಾನು ಸುಮ್ಮನಿದ್ದರೆ ಹೆಬ್ಬೆರಳುಗಳಿಗೆ ಬಲ — ಮೇಷ್ಟ್ರೇ, ಇದನ್ನು ನೀವು ಕಲಿಸಲಿಲ್ಲ, ಮೂರು ಪ್ರಶ್ನೆ ಕೊಟ್ಟಿರಿ, ಕೇಳುವವರೇ ಇಲ್ಲದಾಗ ಏನು ಮಾಡಬೇಕು ಅಂತ ಹೇಳಲಿಲ್ಲ. ಬರೆದೆ, ಈ ವಿಡಿಯೊ ಕುರಿತು ಕೆಲವು ಅಂಶಗಳು, ಅಳಿಸಿದೆ. ಬರೆದೆ, ಎಲ್ಲರೂ ದಯವಿಟ್ಟು ಗಮನಿಸಿ, ಅಳಿಸಿದೆ, ಇದೇ ದನಿ ಅಲ್ಲವೇ ಅವರನ್ನು ಓಡಿಸಿದ್ದು, ಇಷ್ಟು ದಿನ ಪ್ರಪಂಚದ ಬಗ್ಗೆ ಬರೆದೆ, ನನ್ನ ಬಗ್ಗೆ ಒಂದು ಸಾಲೂ ಬರೆಯಲಿಲ್ಲ, ಬರೆದಿದ್ದರೆ ಓದುತ್ತಿದ್ದರೋ ಏನೋ, ಇಲ್ಲ, ಗೊತ್ತಿಲ್ಲ. ಪರೀಕ್ಷೆಯ ವಿಷಯದಲ್ಲೂ ನನಗೆ ಖಾತ್ರಿಯಿತ್ತಲ್ಲ. ಮಗುವನ್ನು ಇನ್ನೊಮ್ಮೆ ನೋಡಿದೆ, ಫೋಟೋವನ್ನು ನನ್ನ ಫೋನಿಗೆ ಇಳಿಸಿಕೊಂಡೆ, ಮನೆ ಬಿಡುವವರು ತಮ್ಮ ತಟ್ಟೆ ಲೋಟ ಎತ್ತಿಟ್ಟುಕೊಳ್ಳುವ ಹಾಗೆ, ಆಮೇಲೆ ಬರೆದೆ, ಅಣ್ಣಾ, ಮಾತ್ರೆ ಬಿಡಬೇಡ, ನಂಗೆ ಭಯ ಆಗ್ತಿದೆ. ಅಷ್ಟೇ. ಯಾರು ಹೇಳಿದರು, ಎಲ್ಲಿ ಬಂದಿದೆ, ಒಂದೂ ಇಲ್ಲ. ಕಳಿಸಿದೆ.

ಶೀಟು ಬಂತು, ಎತ್ತಿದೆ, ಇನ್ನೊಂದು ಬಂತು, ಎತ್ತಿದೆ, ಕೈ ಒರೆಸಿಕೊಂಡು ನೋಡಿದೆ, ನನ್ನ ಸಾಲಿನ ಮೂಲೆಗೆ ಒಂದು ಹೆಬ್ಬೆರಳು ಅಂಟಿಕೊಂಡಿದೆ, ಮುಟ್ಟಿದರೆ ಹೆಸರು ಬರುತ್ತದೆ, ಅಣ್ಣ. ಅಣ್ಣನೇ. ಉಗಿಯಲ್ಲಿ ಕಣ್ಣು ಒರೆಸಿಕೊಂಡೆ, ಏನು ಬರೆಯಲಿ, ಮಗು ನಿನ್ನ ಹಾಗೇ ಇದೆ ಅಂತ ಬರೆಯಲೇ ಅಂದುಕೊಳ್ಳುವಾಗಲೇ ಅದರ ಕೆಳಗೆ ಬೂದು ಬಣ್ಣದ ಒಂದು ಸಾಲು ಮೂಡಿತು, ಅಣ್ಣ ನಿಮ್ಮನ್ನು ತೆಗೆದುಹಾಕಿದ್ದಾರೆ. ಬರೆಯುವ ಜಾಗವೇ ಮಾಯ. ಮೊದಲು ಹೆಬ್ಬೆರಳು, ಆಮೇಲೆ ಇದು, ಆಯ್ತು ಮಾತ್ರೆ ತಗೋತೀನಿ ಇನ್ನು ಹೊರಡು ಅಂತಲೋ, ಬರೀ ಆಯ್ತು ಆಯ್ತು ಹೊರಡು ಅಂತಲೋ, ಅತ್ತಿಗೆಗೆ ಮಾಡಿದ ಫೋನು ಹೊಡೆದುಕೊಂಡು ಹೊಡೆದುಕೊಂಡು ನಿಂತಿತು, ಅಣ್ಣನ ಊರಿಗೆ ಬೆಳಗಿನ ಬಸ್ಸು ಹಿಡಿಯಬೇಕು, ರಜೆ ಕೇಳಬೇಕು, ಬಾಗಿಲು ತಟ್ಟಿದರೆ ತೆರೆಯುತ್ತಾರೆ, ಮನೆಗೆ ಬಂದವರನ್ನು ಹಾಗೆ ಒಂದು ಬೆರಳಿನಲ್ಲಿ ತೆಗೆದುಹಾಕಲಾಗುವುದಿಲ್ಲ, ಆದರೆ ಅಣ್ಣನ ಮಾತ್ರೆ ರಾತ್ರಿ ಊಟದ ಮೇಲೆ, ಬೆಳಗಲ್ಲ, ಇವತ್ತಿನ ರಾತ್ರಿ — ಏನಮ್ಮಾ, ಶೀಟೆಲ್ಲ ನೆಲಕ್ಕೆ ಬೀಳ್ತಿದೆ, ನಿದ್ದೆನಾ, ಮೇಲ್ವಿಚಾರಕರು, ಹ್ಞಾಂ ಸಾರ್, ಇಲ್ಲೇ ಇದ್ದೀನಿ ಸಾರ್ — ಅಣ್ಣನ ಹೆಬ್ಬೆರಳು ಹೀಗಿಲ್ಲ, ಟೈಲರ್ ಅವನು, ಕತ್ತರಿ ಹಿಡಿದು ಹಿಡಿದು ಹೊರಕ್ಕೆ ಬಾಗಿದೆ, ಆಸ್ಪತ್ರೆಯಲ್ಲಿ ಮಾತ್ರೆಯ ಪಟ್ಟಿಯನ್ನು ಅದರಿಂದಲೇ ಒತ್ತುತ್ತಿದ್ದ, ಟಪ್ ಅಂತ ಹಾಳೆ ಹರಿದು ಮಾತ್ರೆ ಅಂಗೈಗೆ ಬೀಳುತ್ತಿತ್ತು, ಇದು ಹಳದಿ, ಉಗುರಿಲ್ಲ, ಗೆರೆಯಿಲ್ಲ, ಎಲ್ಲರದೂ ಇದೇ, ಮೇಲಕ್ಕೆತ್ತಿ ನಿಂತಿದೆ, ಏನನ್ನೂ ಒತ್ತುತ್ತಿಲ್ಲ, ಹೆಬ್ಬೆರಳು, ಒತ್ತು ಅಣ್ಣಾ, ಹೆಬ್ಬೆರಳು —